ಕುಶನ್ ಹೊತ್ತ ಪ್ರೊಫೆಸರ್

ಬಾಡಿಗೆ ಮನೆ ಬದಲಿಸಿದವರಿಗೆಲ್ಲ ಗೊತ್ತಿರುವ ಅನುಭವವೊಂದಿದೆ. ಸಾಮಾನಿನ ಲಾರಿ ಬರುವ ಮುಂಚೆ ಖಾಲಿ ಹಾಲ್‌ನಲ್ಲಿ ನಿಂತು ಮಾತಾಡಿದರೆ ಸ್ವಂತ ದನಿಯೇ ಬೇರೆ ಯಾರದೋ ಅನ್ನಿಸುತ್ತದೆ. ಹಾಸಿಗೆ, ಸೋಫಾ, ಪರದೆ, ಬಟ್ಟೆಯ ಗಂಟುಗಳು ಒಳಗೆ ಸೇರಿದ ಸಂಜೆಗೆ ಆ ಗುಂಯ್‌ಗುಟ್ಟುವಿಕೆ ಮಾಯ. ಆದರೆ ಅದೇ ಹಾಲ್‌ಗೆ ಮ್ಯೂಸಿಕ್ ಸಿಸ್ಟಮ್ ಕೊಳ್ಳುವ ದಿನ ಈ ಅನುಭವ ಯಾರಿಗೂ ನೆನಪಾಗುವುದಿಲ್ಲ. ಚರ್ಚೆಯೆಲ್ಲ ಆಂಪ್ಲಿಫೈಯರ್‌ನ ವಾಟ್‌ಗಳ ಸುತ್ತ, ಕೇಬಲ್‌ನ ಬೆಲೆಯ ಸುತ್ತ. ಮನೆಯಲ್ಲಿ ಕೇಳುವ ಸಂಗೀತದ ಗುಣವನ್ನು ಎಲ್ಲಕ್ಕಿಂತ ಹೆಚ್ಚಾಗಿ ನಿರ್ಧರಿಸುವುದು ಎರಡು ಸಂಗತಿ: ಸ್ಪೀಕರ್ ಮತ್ತು ಕೋಣೆ. ಎರಡನೆಯದು ಅಂಗಡಿಯಲ್ಲಿ ಸಿಗುವುದಿಲ್ಲ. ಅದನ್ನು ಮೊದಲ ಬಾರಿ ಲೆಕ್ಕಕ್ಕೆ ಸಿಗುವಂತೆ ಮಾಡಿದ ಕಥೆ ಶುರುವಾದದ್ದು ಒಂದು ಕೆಟ್ಟ ಉಪನ್ಯಾಸ ಭವನದಿಂದ.

1895ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಫಾಗ್ ಕಲಾ ಸಂಗ್ರಹಾಲಯ ಹೊಸದಾಗಿ ತೆರೆದಿತ್ತು. ಅದರ ಉಪನ್ಯಾಸ ಭವನ ನೋಡಲು ಚೆನ್ನಾಗಿತ್ತು, ಕೇಳಲು ಆಗುತ್ತಿರಲಿಲ್ಲ. ಒಂದು ಪದ ಆಡಿದರೆ ಅದು ಸುಮಾರು ಐದೂವರೆ ಸೆಕೆಂಡ್ ಉಳಿಯುತ್ತಿತ್ತು. ಅಷ್ಟು ಹೊತ್ತಿಗೆ ಉಪನ್ಯಾಸಕರು ಹತ್ತು ಹನ್ನೆರಡು ಪದ ಮುಂದೆ ಹೋಗಿರುತ್ತಿದ್ದರು. ಎಲ್ಲ ಪದಗಳೂ ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತಿದ್ದವು. ವಿಶ್ವವಿದ್ಯಾಲಯದ ಅಧ್ಯಕ್ಷ ಚಾರ್ಲ್ಸ್ ಎಲಿಯಟ್ ಇದನ್ನು ಸರಿಪಡಿಸುವ ಹೊಣೆಯನ್ನು ಭೌತಶಾಸ್ತ್ರ ವಿಭಾಗದ ತರುಣ ಅಧ್ಯಾಪಕ ವಾಲೇಸ್ ಕ್ಲೆಮೆಂಟ್ ಸಬಿನ್ ಅವರಿಗೆ ವಹಿಸಿದರು.

ಸಬಿನ್ ಅವರ ಬಳಿ ಮೈಕ್ರೊಫೋನ್ ಇರಲಿಲ್ಲ, ಧ್ವನಿ ಅಳೆಯುವ ಮೀಟರ್ ಇರಲಿಲ್ಲ. ಇದ್ದದ್ದು ಸೆಕೆಂಡಿಗೆ 512 ಕಂಪನದ ಒಂದು ಆರ್ಗನ್ ಕೊಳವೆ, ಸಮಯ ದಾಖಲಿಸುವ ಯಂತ್ರ, ಮತ್ತು ತಮ್ಮದೇ ಕಿವಿ. ಕೊಳವೆಯನ್ನು ಊದಿಸಿ ನಿಲ್ಲಿಸುವುದು, ದನಿ ಪೂರ್ತಿ ಅಡಗುವವರೆಗಿನ ಸಮಯ ಗುರುತಿಸುವುದು. ಹಗಲಿನ ಗದ್ದಲದಲ್ಲಿ ಇದು ಸಾಧ್ಯವಿರಲಿಲ್ಲ. ಹಾಗಾಗಿ ಮಧ್ಯರಾತ್ರಿ ದಾಟಿದ ಮೇಲೆ ಕೆಲಸ. ಹತ್ತಿರದ ಸ್ಯಾಂಡರ್ಸ್ ಥಿಯೇಟರ್‌ನ ಸೀಟುಗಳ ಕುಶನ್‌ಗಳನ್ನು ಹೊತ್ತು ತಂದು, ಮೊದಲು ಕೆಲವು, ಆಮೇಲೆ ಇನ್ನಷ್ಟು ಎಂದು ಭವನದಲ್ಲಿ ಹರಡಿ ಅಳೆಯುತ್ತಿದ್ದರು. ಬೆಳಗಾಗುವ ಮುಂಚೆ ಅಷ್ಟನ್ನೂ ವಾಪಸ್ ಸಾಗಿಸಬೇಕಿತ್ತು.

ಕುಶನ್ ಹೆಚ್ಚಿದಂತೆ ಅನುರಣನ ಇಳಿಯಿತು. ಇದು ಊಹಿಸಬಹುದಾದದ್ದೇ. ಎಷ್ಟು ಹಾಕಿದರೆ ಎಷ್ಟು ಇಳಿಯುತ್ತದೆ ಎನ್ನುವುದು ಪ್ರಶ್ನೆ. ಸಬಿನ್ ಎಷ್ಟು ಕಟ್ಟುನಿಟ್ಟಿನವರೆಂದರೆ, ತಾವು ತೊಟ್ಟ ಬಟ್ಟೆಯೂ ದನಿಯನ್ನು ಹೀರಿ ಅಳತೆಯನ್ನು ಬದಲಿಸುತ್ತಿದೆ ಎಂದು ತಿಳಿದಾಗ ಆವರೆಗಿನ ಸಾವಿರಾರು ಅಳತೆಗಳನ್ನು ಬದಿಗೆಸೆದರು. ಅಲ್ಲಿಂದ ಮುಂದೆ ಪ್ರಯೋಗಕ್ಕೆ ಬರುವಾಗಲೆಲ್ಲ ಅದೇ ಕೋಟು, ಅದೇ ಪ್ಯಾಂಟು.

ಹೋಲಿಕೆಗೆ ಅವರು ಹುಡುಕಿದ ಅಳತೆಗೋಲು ತೆರೆದ ಕಿಟಕಿ. ಕಿಟಕಿಯಿಂದ ಹೊರಹೋದ ದನಿ ತಿರುಗಿ ಬರುವುದಿಲ್ಲ. ಅಂದರೆ ಅದು ಪೂರ್ತಿ ಹೀರಿಕೊಂಡಂತೆ. ಕುಶನ್, ಕಂಬಳಿ, ಮರ, ಗಾರೆ, ಎಲ್ಲವನ್ನೂ ‘ಇಷ್ಟು ತೆರೆದ ಕಿಟಕಿಗೆ ಸಮ’ ಎಂದು ಬರೆಯಬಹುದಾಯಿತು. 1898ರಲ್ಲಿ ಹಳೆಯ ಅಂಕಿಗಳನ್ನು ಮುಂದಿಟ್ಟುಕೊಂಡು ಕೂತಾಗ ಸೂತ್ರ ಹೊಳೆಯಿತು: ಅನುರಣನದ ಸಮಯ ಕೋಣೆಯ ಗಾತ್ರ ಹೆಚ್ಚಿದಂತೆ ಹೆಚ್ಚುತ್ತದೆ, ಹೀರುವಿಕೆ ಹೆಚ್ಚಿದಂತೆ ಅದೇ ಪ್ರಮಾಣದಲ್ಲಿ ಇಳಿಯುತ್ತದೆ. ಆ ಧೈರ್ಯದ ಮೇಲೆ ಬಾಸ್ಟನ್‌ನ ಹೊಸ ಸಂಗೀತ ಭವನಕ್ಕೆ ಸಲಹೆಗಾರರಾಗಲು ಒಪ್ಪಿದರು. 1900ರ ಅಕ್ಟೋಬರ್ 15ರಂದು ತೆರೆದ ಬಾಸ್ಟನ್ ಸಿಂಫನಿ ಹಾಲ್ ಇಂದಿಗೂ ಜಗತ್ತಿನ ಅತ್ಯುತ್ತಮ ಸಂಗೀತ ಭವನಗಳ ಸಾಲಿನಲ್ಲಿದೆ.

ಸೂತ್ರವನ್ನು ಮುಂಬೈನ ಫ್ಲಾಟ್‌ಗೂ ಹಚ್ಚಬಹುದು. ಹನ್ನೆರಡಕ್ಕೆ ಹದಿನೈದು ಅಡಿಯ, ಹತ್ತಡಿ ಎತ್ತರದ ಹಾಲ್‌ನ ಗಾತ್ರ ಸುಮಾರು 51 ಘನ ಮೀಟರ್. ಟೈಲ್ಸ್, ಗಾಜು, ಗಾರೆ ಎಲ್ಲ ಸೇರಿ ಮೂರು ಚದರ ಮೀಟರ್ ತೆರೆದ ಕಿಟಕಿಯಷ್ಟು ಹೀರಿದರೆ ದನಿ ಅಡಗಲು 2.7 ಸೆಕೆಂಡ್ ಬೇಕು. ಸೋಫಾ, ಪರದೆ, ಜಮಖಾನ, ಪುಸ್ತಕಗಳು ಸೇರಿ ಅದು ಹದಿನಾರಕ್ಕೆ ಏರಿದರೆ ಅರ್ಧ ಸೆಕೆಂಡ್ ಸಾಕು. ಅದೇ ಸ್ಪೀಕರ್, ಅದೇ ಹಾಡು. ಮೊದಲನೆಯದರಲ್ಲಿ ಸಾಹಿತ್ಯ ತಿಳಿಯುವುದಿಲ್ಲ, ಎರಡನೆಯದರಲ್ಲಿ ಗಾಯಕಿ ಉಸಿರೆಳೆದುಕೊಂಡದ್ದೂ ಕೇಳುತ್ತದೆ. ವಿಜಯಪುರದ ಗೋಳಗುಮ್ಮಟದಲ್ಲಿ ಚಪ್ಪಾಳೆ ತಟ್ಟಿ ಬೆರಗಾಗುವವರು, ಅಲ್ಲಿ ಕಛೇರಿ ಕೇಳುವ ಆಸೆ ಪಡಲಾರರು.

ಕಿವಿಯನ್ನು ಮೋಸಗೊಳಿಸುವ ಇನ್ನೊಂದು ಸಂಗತಿ ಕಣ್ಣು. 1915ರಿಂದ ಕೆಲವು ವರ್ಷ ಎಡಿಸನ್ ಕಂಪನಿ ಅಮೆರಿಕದ ಊರೂರುಗಳಲ್ಲಿ ‘ಟೋನ್ ಟೆಸ್ಟ್’ ನಡೆಸಿತು. ಗಾಯಕಿ ಫೋನೋಗ್ರಾಫ್ ಪಕ್ಕದಲ್ಲಿ ನಿಂತು ಹಾಡುವುದು, ನಡುವೆ ಬಾಯಿ ಮುಚ್ಚಿ ಯಂತ್ರವನ್ನು ಹಾಡಲು ಬಿಡುವುದು. ಇಂದಿನ ಕಿವಿಗೆ ಆ ರೆಕಾರ್ಡ್‌ಗಳು ಸಣ್ಣಗೆ, ದೂರದಿಂದ ಬಂದಂತೆ ಕೇಳುತ್ತವೆ. ಅಂದಿನ ಸಭಿಕರಲ್ಲಿ ಬಹಳ ಮಂದಿ ವ್ಯತ್ಯಾಸವೇ ಗೊತ್ತಾಗಲಿಲ್ಲವೆಂದು ಎದ್ದು ಹೋದರು.

1925ರಲ್ಲಿ ಜನರಲ್ ಎಲೆಕ್ಟ್ರಿಕ್‌ನ ರೈಸ್ ಮತ್ತು ಕೆಲಾಗ್ ಇಂದಿನ ಸ್ಪೀಕರ್‌ನ ಮೂಲರೂಪವನ್ನು ಕೊಟ್ಟರು. 1948ರಲ್ಲಿ ಎಲ್‌ಪಿ ಬಂತು. 1954ರಲ್ಲಿ ಎಡ್ಗರ್ ವಿಲ್ಚರ್ ಬಿಗಿಯಾಗಿ ಮುಚ್ಚಿದ ಪುಟ್ಟ ಪೆಟ್ಟಿಗೆಯಲ್ಲೇ ಆಳವಾದ ಬಾಸ್ ಹೊರಡಿಸಿದಾಗ ಒಳ್ಳೆಯ ಸ್ಪೀಕರ್ ಸಾಮಾನ್ಯ ಮನೆಯ ಶೆಲ್ಫ್ ಮೇಲೆ ಕೂತಿತು. ಆದರೆ ಯಾವುದು ಒಳ್ಳೆಯದು ಎಂದು ತೀರ್ಮಾನಿಸುವುದು ಹೇಗೆ? ಕೆನಡಾದ ರಾಷ್ಟ್ರೀಯ ಸಂಶೋಧನಾ ಮಂಡಳಿಯಲ್ಲಿ ಫ್ಲಾಯ್ಡ್ ಟೂಲ್ ಕೇಳುಗರ ಮುಂದೆ ಪರದೆ ಎಳೆದರು. ಬ್ರ್ಯಾಂಡ್, ಬೆಲೆ, ಗಾತ್ರ ಕಾಣದಾದಾಗ ಬೇರೆ ಬೇರೆ ಜನರ ಅಭಿಪ್ರಾಯಗಳು ಅಚ್ಚರಿಯಾಗುವಷ್ಟು ಒಂದಾದವು: ಎಲ್ಲ ಸ್ವರಗಳನ್ನೂ ಸಮನಾಗಿ ಹೊರಡಿಸುವ ಸ್ಪೀಕರ್ ಬಹುಮಂದಿಗೆ ಇಷ್ಟವಾಯಿತು. 1994ರಲ್ಲಿ ಶಾನ್ ಆಲಿವ್ ಜೊತೆ ನಡೆಸಿದ ಪ್ರಯೋಗದಲ್ಲಿ ಪರದೆ ಸರಿಸಿದೊಡನೆ ಅಂಕಗಳು ಬದಲಾದವು. ಸ್ಪೀಕರನ್ನು ಕೋಣೆಯಲ್ಲಿ ಬೇರೆಡೆ ಇಟ್ಟಾಗ ಆಗುವ ನಿಜವಾದ ವ್ಯತ್ಯಾಸ ಪರದೆಯಿದ್ದಾಗ ಕೇಳುಗರಿಗೆ ತಿಳಿಯುತ್ತಿತ್ತು. ಕಣ್ಣೆದುರು ಹೆಸರು ಕಂಡಾಗ ಅದೂ ಮಸುಕಾಯಿತು.

ಕೆಳಸ್ವರಗಳಲ್ಲಿ ಮಾತ್ರ ಒಳ್ಳೆಯ ಸ್ಪೀಕರೂ ಕೋಣೆಗೆ ಸೋಲುತ್ತದೆ. ಹನ್ನೆರಡಡಿ ಅಂತರದ ಎರಡು ಗೋಡೆಗಳ ನಡುವೆ ಸುಮಾರು 47 ಹರ್ಟ್ಸ್‌ನ ಸ್ವರ ನಿಂತ ಅಲೆಯಾಗುತ್ತದೆ; ಗೋಡೆಗೆ ಆತು ಕೂತವರಿಗೆ ಎದೆ ನಡುಗುವಷ್ಟು, ನಡುಕೋಣೆಯಲ್ಲಿ ಕೂತವರಿಗೆ ಹೆಚ್ಚುಕಡಿಮೆ ಏನೂ ಇಲ್ಲ. ತೆಳು ಜಮಖಾನ ಈ ಉದ್ದನೆಯ ಅಲೆಯನ್ನು ತಡೆಯಲಾರದು. ಆದರೆ ಸೋಫಾವನ್ನು ಎರಡಡಿ ಮುಂದೆ ಎಳೆಯುವುದಕ್ಕೆ, ಸ್ಪೀಕರನ್ನು ಮೂಲೆಯಿಂದ ಬಿಡಿಸುವುದಕ್ಕೆ ಖರ್ಚಿಲ್ಲ. ಎಷ್ಟೋ ಮನೆಗಳಲ್ಲಿ ದುಬಾರಿ ಕೇಬಲ್ ಮಾಡದ ಕೆಲಸವನ್ನು ಇದು ಮಾಡುತ್ತದೆ.

ಸಬಿನ್ 1919ರಲ್ಲಿ ತೀರಿಕೊಂಡರು. ದನಿ ಹೀರುವಿಕೆಯ ಮಾನಕ್ಕೆ ಅವರದೇ ಹೆಸರಿದೆ. ಅವರ ಪಟ್ಟಿಯಲ್ಲಿ ಕುಶನ್, ಕಂಬಳಿಗಳ ಜೊತೆ ಮನುಷ್ಯರೂ ಇದ್ದರು: ಸಭೆಯಲ್ಲಿ ಕೂತ ಒಬ್ಬ ವ್ಯಕ್ತಿ ಸುಮಾರು ಅರ್ಧ ಚದರ ಮೀಟರ್ ತೆರೆದ ಕಿಟಕಿಗೆ ಸಮ. ಹಬ್ಬದ ದಿನ ಹತ್ತು ಜನ ನೆಂಟರು ತುಂಬಿದ ಹಾಲ್‌ನಲ್ಲಿ ಹಳೆಯ ಸ್ಪೀಕರೇ ಚೆನ್ನಾಗಿ ಹಾಡುತ್ತಿದೆ ಎಂದು ಯಾರಾದರೂ ಹೇಳಿದರೆ ಅದು ಬರೀ ಸಡಗರದ ಮಾತಲ್ಲ. ಅಷ್ಟು ಹೊತ್ತು ಅಲ್ಲಿ ಐದು ಚದರ ಮೀಟರ್ ಕಿಟಕಿ ತೆರೆದಿರುತ್ತದೆ.