ಮಸಲ್ ಕಾರುಗಳೂ ಅವುಗಳ ಅಭಿಮಾನಿ ಬಳಗವೂ

ನಮ್ಮ ಪ್ರೌಢಶಾಲೆಯ ಮೇಲಿನ ತರಗತಿಗಳ ಹುಡುಗರಿಗೆ ಮಸ್ಟಾಂಗ್, ಚಾರ್ಜರ್, ಕಮಾರೊ ಎಂಬ ಹೆಸರುಗಳು ಪಂಪ ರನ್ನರ ಹೆಸರುಗಳಿಗಿಂತ ಬೇಗನೆ ಬಾಯಿಗೆ ಬರುತ್ತವೆ. ಇದಕ್ಕಾಗಿ ಅವರನ್ನು ಗದರುವವರು ಗದರಲಿ. ನಮಗಾದರೋ ಅದು ಕುತೂಹಲವನ್ನೇ ಹುಟ್ಟಿಸಿತು. ಹೆಸರನ್ನು ಬಲ್ಲವರು ಅದರ ಹಿಂದಿನ ಚರಿತ್ರೆಯನ್ನೂ ಬಲ್ಲವರಾಗಲಿ ಎಂಬ ಆಶಯದಿಂದ ನಮ್ಮ ಸಂಘದ ಈ ವಾರ್ಷಿಕ ಸಂಚಿಕೆಗೆ ಇಂಥದೊಂದು ವಿಷಯವನ್ನು ಆರಿಸಿಕೊಂಡಿದ್ದೇವೆ. ಕಥೆ ಅಮೆರಿಕದ್ದು. ಅದರ ನಾಯಕರು ದೊಡ್ಡ ದೊಡ್ಡ ಕಾರ್ಖಾನೆಗಳ ಒಡೆಯರೆಂದೇ ಹಲವರು ತಿಳಿದಿದ್ದಾರೆ. ವಿಚಾರಿಸಿ ನೋಡಿದರೆ, ಕೈಗೆ ಎಣ್ಣೆಮಸಿ ಮೆತ್ತಿಕೊಂಡ ಸಾಮಾನ್ಯ ತರುಣರ ಕೂಟಗಳಲ್ಲಿ ಈ ಕಾರುಗಳ ಬೀಜ ಮೊಳೆಯಿತು. ಕಾರ್ಖಾನೆಗಳು ಅವುಗಳನ್ನು ಕೈಬಿಟ್ಟ ಮೇಲೆಯೂ ಅಂಥದೇ ಕೂಟಗಳು ಅವುಗಳನ್ನು ಉಳಿಸಿದುವು.

ಮೊದಲು ಹೆಸರಿನ ವಿಚಾರ. ಮಸಲ್ ಎಂದರೆ ಇಂಗ್ಲಿಷಿನಲ್ಲಿ ಮಾಂಸಖಂಡ. ಗರಡಿಯಲ್ಲಿ ಪಳಗಿ ಹುರಿಗಟ್ಟಿದ ಮೈಯ ಜಟ್ಟಿಯನ್ನು ನೆನೆದುಕೊಂಡರೆ ಈ ಕಾರಿನ ಸ್ವರೂಪ ತಿಳಿಯುತ್ತದೆ. ಸ್ಪೋರ್ಟ್ಸ್ ಕಾರು ಬೇರೆ ಜಾತಿಯದು. ಅದು ಹಗುರ, ಗಿಡ್ಡ, ಸಾಮಾನ್ಯವಾಗಿ ಇಬ್ಬರೇ ಕುಳಿತುಕೊಳ್ಳುವಂಥದು. ತಿರುವುಮುರುವಿನ ದಾರಿಯಲ್ಲಿ ಮೀನಿನಂತೆ ನುಸುಳುವುದು ಅದರ ಹೆಚ್ಚಳ. ಎರಡನೆಯ ಮಹಾಯುದ್ಧದಿಂದ ಮರಳಿದ ಅಮೆರಿಕದ ಸೈನಿಕರು ಇಂಗ್ಲೆಂಡಿನ ಎಂ. ಜಿ. ಕಾರುಗಳ ರುಚಿಯನ್ನು ತಮ್ಮ ನಾಡಿಗೂ ಒಯ್ದರು. ೧೯೫೩ರಲ್ಲಿ ಷೆವರ್ಲೆ ಸಂಸ್ಥೆ ಕಾರ್ವೆಟ್ ಎಂಬ ಸ್ವದೇಶೀ ಸ್ಪೋರ್ಟ್ಸ್ ಕಾರನ್ನು ಹೊರತಂದಾಗ ಮೊದಲ ವರ್ಷ ತಯಾರಾದುದು ೩೦೦ ಮಾತ್ರ. ಮಸಲ್ ಕಾರಾದರೋ ಮನೆಮಂದಿಯೆಲ್ಲ ಕುಳಿತು ಪೇಟೆಗೆ ಹೋಗುವ ಮಧ್ಯಮ ಗಾತ್ರದ ಗಾಡಿಯೇ. ಅದರ ಮೂತಿಯೊಳಗೆ ದೊಡ್ಡ ಗಾಡಿಗೆಂದು ಮಾಡಿದ ಎಂಟು ಸಿಲಿಂಡರುಗಳ ಎಂಜಿನನ್ನು ಕೂರಿಸಿದ್ದಾರೆ, ಅಷ್ಟೆ. ತಿರುವಿನಲ್ಲಿ ಅದು ತಡವರಿಸುತ್ತದೆ. ನೇರ ದಾರಿಯಲ್ಲಿ ಬಿಟ್ಟರೆ ಅದಕ್ಕೆ ಎದುರಿಲ್ಲ.

ಈ ಓಟವನ್ನು ನಮ್ಮ ಕುಂಬಳೆ ಸೀಮೆಯವರಿಗೆ ವಿವರಿಸುವುದು ಸುಲಭ. ಕಂಬಳದ ಕರೆಯಲ್ಲಿ ಎರಡು ಜೋಡಿ ಕೋಣಗಳು ಅಕ್ಕಪಕ್ಕದಲ್ಲಿ ನೇರವಾಗಿ ಓಡುತ್ತವೆ. ಕಣ್ಣೆವೆ ಇಕ್ಕುವಷ್ಟರಲ್ಲಿ ಸೋಲು ಗೆಲವು ತೀರ್ಮಾನವಾಗುತ್ತದೆ. ಆ ಕೆಲವು ಕ್ಷಣಗಳಿಗಾಗಿ ಕೋಣದ ಮನೆಯವರು ವರ್ಷವಿಡೀ ಹುರುಳಿ ಬೇಯಿಸಿ, ಎಣ್ಣೆ ತಿಕ್ಕಿ ಸಾಕುತ್ತಾರೆ. ಅಮೆರಿಕದ ಡ್ರಾಗ್ ಪಂದ್ಯವೂ ಇದೇ ಬಗೆಯದು. ಎರಡು ಕಾರುಗಳು, ಎರಡು ಸಾಲು, ಕಾಲು ಮೈಲಿನ ನೇರ ಹಾದಿ. ಹದಿನಾಲ್ಕು ಹದಿನೈದು ಸೆಕೆಂಡಿನ ಓಟಕ್ಕಾಗಿ ತಿಂಗಳುಗಟ್ಟಲೆ ರಾತ್ರಿ ನಿದ್ದೆಗೆಡುವ ಜನ ಅಲ್ಲಿಯೂ ಉಂಟು.

ಹೆನ್ರಿ ಫೋರ್ಡರ ಟಿ ಮಾದರಿಯ ಕಾರು ೧೯೦೮ರಿಂದ ೧೯೨೭ರವರೆಗೆ ಒಂದೂವರೆ ಕೋಟಿಗೂ ಮಿಕ್ಕಿ ತಯಾರಾಯಿತು. ಹಳೆಯದಾದ ಮೇಲೆ ಅವು ಅತ್ಯಲ್ಪ ಬೆಲೆಗೆ ಸಿಗತೊಡಗಿದುವು. ೧೯೩೨ರಲ್ಲಿ ಫೋರ್ಡರು ಎಂಟು ಸಿಲಿಂಡರಿನ ಎಂಜಿನನ್ನು ಸಾಮಾನ್ಯರ ಕೈಗೆಟಕುವ ಕಾರಿನಲ್ಲಿ ಅಳವಡಿಸಿದರು. ಕ್ಯಾಲಿಫೋರ್ನಿಯದ ಹುಡುಗರಿಗೆ ಇನ್ನೇನು ಬೇಕು? ಹಳೆಯ ಗಾಡಿಯ ಮಡ್ಗಾರ್ಡು, ಮೇಲುಹೊದಿಕೆಗಳನ್ನು ಕಿತ್ತೆಸೆದು ಭಾರ ಇಳಿಸಿದರು. ಎಂಜಿನನ್ನು ಬಿಚ್ಚಿ ತಾವೇ ತಿದ್ದಿದರು. ಮೊಹಾವಿ ಮರುಭೂಮಿಯಲ್ಲಿ ಮ್ಯೂರಾಕ್ ಎಂಬ ಬತ್ತಿದ ಕೆರೆಯುಂಟು. ಅದರ ತಳ ಮೈಲುಗಟ್ಟಲೆ ಸಮತಟ್ಟು. ರಜೆಯ ದಿನಗಳಲ್ಲಿ ಅಲ್ಲಿಗೆ ಹೋಗಿ ವೇಗವನ್ನು ಅಳೆಯುವುದು ಒಂದು ವ್ರತವೇ ಆಯಿತು. ಒಟ್ಟೊಟ್ಟಿಗೆ ಹತ್ತಾರು ಗಾಡಿ ನುಗ್ಗಿದಾಗ ಏಳುವ ಧೂಳಿನಲ್ಲಿ ಹಿಂದಿನವನಿಗೆ ಮುಂದಿನವನು ಕಾಣದೆ ಅಪಘಾತಗಳಾಗುತ್ತಿದ್ದುವು. ಬೇರೆ ಬೇರೆ ಕೂಟಗಳು ೧೯೩೭ರಲ್ಲಿ ಒಟ್ಟುಗೂಡಿ ದಕ್ಷಿಣ ಕ್ಯಾಲಿಫೋರ್ನಿಯ ಟೈಮಿಂಗ್ ಅಸೋಸಿಯೇಷನ್ ಎಂಬ ಒಕ್ಕೂಟವನ್ನು ಕಟ್ಟಿ ನಿಯಮಗಳನ್ನು ಮಾಡಿಕೊಂಡುವು. ಮುಂದೆ ಮ್ಯೂರಾಕ್ ಸೈನ್ಯದ ವಿಮಾನ ನೆಲೆಯಾಯಿತು. ಹುಡುಗರೂ ಯುದ್ಧಕ್ಕೆ ಹೋದರು.

ಯುದ್ಧ ಮುಗಿಸಿ ಬಂದವರು ಯಂತ್ರವಿದ್ಯೆಯಲ್ಲಿ ಪಳಗಿದ್ದರು. ಕೈಯಲ್ಲಿ ಒಂದಿಷ್ಟು ಹಣವೂ ಇತ್ತು. ಮರುಭೂಮಿ ದೂರ, ರಸ್ತೆ ಹತ್ತಿರ. ಬೀದಿಗಳಲ್ಲೇ ಪಂದ್ಯ ಹೂಡುವ ಹುಚ್ಚು ಹಬ್ಬಿತು, ಸಾವುಗಳಾದುವು. ಪತ್ರಿಕೆಗಳು ‘ಹಾಟ್ ರಾಡ್’ ಎಂಬ ಮಾತನ್ನು ಪುಂಡರಿಗೆ ಪರ್ಯಾಯವಾಗಿ ಬಳಸತೊಡಗಿದುವು. ಈ ಘಟ್ಟದಲ್ಲಿ ಅಭಿಮಾನಿಗಳು ನಡೆದುಕೊಂಡ ರೀತಿಯೇ ಈ ಚರಿತ್ರೆಯ ಅತ್ಯಂತ ಗೌರವಾರ್ಹ ಅಧ್ಯಾಯವೆಂದು ನಾವು ಭಾವಿಸುತ್ತೇವೆ. ಅವರು ಆಟವನ್ನು ಬಿಡಲಿಲ್ಲ, ಬೀದಿಯನ್ನು ಬಿಟ್ಟರು. ೧೯೪೮ರ ಜನವರಿಯಲ್ಲಿ ಲಾಸ್ ಏಂಜಲೀಸಿನಲ್ಲಿ ಒಕ್ಕೂಟದವರು ತಮ್ಮ ಗಾಡಿಗಳ ಪ್ರದರ್ಶನವೊಂದನ್ನು ಏರ್ಪಡಿಸಿದರು. ಅದೇ ತಿಂಗಳು ರಾಬರ್ಟ್ ಪೀಟರ್ಸನ್ ‘ಹಾಟ್ ರಾಡ್’ ಎಂಬ ಮಾಸಪತ್ರಿಕೆಯ ಮೊದಲ ಸಂಚಿಕೆಯನ್ನು ಹೊರಡಿಸಿದರು. ತರುವಾಯ ಅದರ ಸಂಪಾದಕರಾದ ವಾಲಿ ಪಾರ್ಕ್ಸ್ ೧೯೫೧ರಲ್ಲಿ ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್ ಸ್ಥಾಪಿಸಿದರು. ಅದರ ಮೊದಲ ಅಧಿಕೃತ ಪಂದ್ಯ ೧೯೫೩ರ ಏಪ್ರಿಲಿನಲ್ಲಿ ಪೊಮೋನ ಎಂಬಲ್ಲಿ, ಜಾತ್ರೆಯ ಮೈದಾನಕ್ಕೆ ಸೇರಿದ ಗಾಡಿ ನಿಲ್ಲಿಸುವ ಬಯಲಿನಲ್ಲಿ ನಡೆಯಿತು. ಊರಿನ ಪೊಲೀಸರೇ ಅದಕ್ಕೆ ಬೆಂಬಲವಾಗಿ ನಿಂತರು! ೧೯೫೪ರಲ್ಲಿ ನಾಲ್ವರ ತಂಡವೊಂದು ಗಾಡಿಯ ಹಿಂದೆ ಸರಂಜಾಮಿನ ಬಂಡಿಯನ್ನು ಕಟ್ಟಿಕೊಂಡು ಊರಿಂದೂರಿಗೆ ತಿರುಗಿತು. ಗಾಡಿಗಳನ್ನು ಪರೀಕ್ಷಿಸುವುದು ಹೇಗೆ, ಜನರನ್ನು ಎಷ್ಟು ದೂರ ನಿಲ್ಲಿಸಬೇಕು, ಸಮಯ ಅಳೆಯುವುದು ಹೇಗೆ ಎಂದು ಸ್ಥಳೀಯ ಕೂಟಗಳಿಗೆ ಕಲಿಸಿಕೊಟ್ಟಿತು. ಈ ತಂಡದ ಮುಂದಾಳು ಪೊಮೋನದ ಪೊಲೀಸು ದಳದಿಂದ ಬಂದವರು. ಮರುವರ್ಷ ಕಾನ್ಸಾಸ್ ಪ್ರಾಂತದ ಗ್ರೇಟ್ ಬೆಂಡಿನಲ್ಲಿ, ಯುದ್ಧಕಾಲದ ಹಳೆಯ ವಿಮಾನ ನಿಲ್ದಾಣದಲ್ಲಿ, ಮೊದಲ ರಾಷ್ಟ್ರೀಯ ಪಂದ್ಯಾವಳಿ ಜರುಗಿತು. ನ್ಯೂಯಾರ್ಕ್ ಪ್ರಾಂತದ ಸ್ಕೆನೆಕ್ಟಡಿ ಊರಿನ ಬೀದಿಗಳಲ್ಲಿ ಹುಡುಗಿಯಾಗಿದ್ದಾಗಲೇ ಪಂದ್ಯವಾಡಿದ ಷರ್ಲಿ ಮುಲ್ಡೌನಿ ಎಂಬಾಕೆ ಮುಂದೆ ಇದೇ ಸಂಸ್ಥೆಯ ಅತ್ಯುಚ್ಚ ವರ್ಗದಲ್ಲಿ ೧೯೭೭, ೧೯೮೦, ೧೯೮೨ ಹೀಗೆ ಮೂರು ಸಲ ಚಾಂಪಿಯನ್ ಆದಳು. ನಮ್ಮ ಹೆಣ್ಣುಮಕ್ಕಳೂ ಈ ಲೇಖನವನ್ನು ಓದುವರೆಂಬ ಭರವಸೆಯಿಂದ ಇದನ್ನು ಇಲ್ಲಿ ಸೇರಿಸಿದ್ದೇವೆ.

ಕಾರ್ಖಾನೆಗಳೇನೂ ಕಣ್ಣು ಮುಚ್ಚಿ ಕುಳಿತಿರಲಿಲ್ಲ. ೧೯೪೯ರಲ್ಲಿ ಓಲ್ಡ್ಸ್‌ಮೊಬೀಲ್ ಸಂಸ್ಥೆ ‘ರಾಕೆಟ್’ ಎಂಬ ೧೩೫ ಅಶ್ವಶಕ್ತಿಯ ಹೊಸ ಎಂಜಿನನ್ನು ತನ್ನ ಹಗುರವಾದ ‘೮೮’ ಮಾದರಿಗೆ ಕೊಟ್ಟಿತು. ಮಸಲ್ ಕಾರಿನ ಮೂಲಪುರುಷನೆಂದು ಕೆಲವರು ಇದನ್ನೇ ಕರೆಯುತ್ತಾರೆ. ೧೯೫೫ರ ಕ್ರೈಸ್ಲರ್ ೩೦೦ ಎಂಬುದರಲ್ಲಿ ಹೆಸರಿಗೆ ತಕ್ಕಂತೆ ೩೦೦ ಅಶ್ವಶಕ್ತಿ ಇತ್ತಾದರೂ ಅದರ ಬೆಲೆ ಶ್ರೀಮಂತರಿಗೇ ಸರಿ. ಸಾಮಾನ್ಯನ ಜಟ್ಟಿ ಹುಟ್ಟಿದುದು ೧೯೬೪ರ ಮಾದರಿಯಾಗಿ, ಪಾಂಟಿಯಾಕ್ ವಿಭಾಗದಲ್ಲಿ. ಅದರ ಜನ್ಮವೃತ್ತಾಂತ ಸ್ವಾರಸ್ಯವಾದುದು.

ಪಾಂಟಿಯಾಕಿನ ಮಾತೃಸಂಸ್ಥೆಯಾದ ಜನರಲ್ ಮೋಟಾರ್ಸ್ ೧೯೬೩ರ ಜನವರಿಯಲ್ಲಿ ತನ್ನ ಯಾವ ವಿಭಾಗವೂ ಪಂದ್ಯಗಳ ಗೊಡವೆಗೆ ಹೋಗಕೂಡದೆಂದು ಆಜ್ಞೆ ಮಾಡಿತು. ಮಧ್ಯಮ ಗಾತ್ರದ ಕಾರಿಗೆ ೩೩೦ ಘನ ಅಂಗುಲಕ್ಕಿಂತ ದೊಡ್ಡ ಎಂಜಿನು ಸಲ್ಲದೆಂಬ ನಿಯಮವೂ ಇತ್ತು. ಪಂದ್ಯದ ಕೀರ್ತಿಯಿಂದಲೇ ತರುಣರನ್ನು ಸೆಳೆದಿದ್ದ ಪಾಂಟಿಯಾಕಿಗೆ ಇದು ಕೈಕಾಲು ಕಟ್ಟಿ ಹಾಕಿದಂತೆ. ಆಗ ಮುಖ್ಯ ಎಂಜಿನಿಯರಾಗಿದ್ದ ಜಾನ್ ಡಿಲೋರಿಯನ್ ಮತ್ತು ಅವರ ಸಂಗಡಿಗರಾದ ಬಿಲ್ ಕಾಲಿನ್ಸ್, ರಸ್ ಗೀ ಇವರು ಒಂದು ಸಂಗತಿಯನ್ನು ಗಮನಿಸಿದರು. ದೊಡ್ಡ ಕಾರಿನ ೩೮೯ ಘನ ಅಂಗುಲದ ಎಂಜಿನಿಗೂ ಟೆಂಪೆಸ್ಟ್ ಎಂಬ ಮಧ್ಯಮ ಕಾರಿನ ೩೨೬ರ ಎಂಜಿನಿಗೂ ಹೊರಗಿನ ಅಳತೆ ಒಂದೇ. ಅದು ಇದರ ಜಾಗದಲ್ಲಿ ಸಲೀಸಾಗಿ ಕೂರುತ್ತದೆ. ಕ್ಯಾಲಿಫೋರ್ನಿಯದ ಹುಡುಗರು ಮೂವತ್ತು ವರ್ಷಗಳಿಂದ ಕೊಟ್ಟಿಗೆಗಳಲ್ಲಿ ಮಾಡುತ್ತಿದ್ದುದೂ ಇದನ್ನೇ. ಆದರೆ ನಿಯಮ? ನೀನು ಚಾಪೆಯ ಕೆಳಗೆ ತೂರಿದರೆ ನಾನು ರಂಗೋಲಿಯ ಕೆಳಗೆ ತೂರುತ್ತೇನೆ ಎಂಬ ಗಾದೆಯಂತೆ ಅವರು ಉಪಾಯ ಹೂಡಿದರು. ಹೊಸ ಕಾರಿಗೆ ಆಡಳಿತ ಮಂಡಲಿಯ ಒಪ್ಪಿಗೆ ಬೇಕು. ಇದ್ದ ಕಾರಿಗೆ ಗಿರಾಕಿ ಬಯಸಿದರೆ ಸೇರಿಸಿಕೊಡುವ ಉಪಕರಣಗಳಿಗೆ ಆ ಒಪ್ಪಿಗೆ ಬೇಕಿಲ್ಲ. ಸುಮಾರು ೨೯೫ ಡಾಲರು ಹೆಚ್ಚಿಗೆ ಕೊಟ್ಟರೆ ಟೆಂಪೆಸ್ಟ್ ಕಾರು ಜಿ. ಟಿ. ಒ. ಆಗುವ ವ್ಯವಸ್ಥೆ ಹೀಗೆ ಹುಟ್ಟಿತು. ಐದು ಸಾವಿರ ಮಾರಾಟವಾದರೆ ಸಾಕೆಂದುಕೊಂಡಿದ್ದರು. ಮೊದಲ ವರ್ಷವೇ ೩೨,೪೫೦ ಮಾರಾಟವಾದುವು.

ಜಿ. ಟಿ. ಒ. ಎಂಬ ಹೆಸರು ಇಟಲಿಯ ಫೆರಾರಿಯವರದು. ಅದನ್ನು ಹೇಳದೆ ಕೇಳದೆ ಎತ್ತಿಕೊಂಡದ್ದಕ್ಕೆ ಸ್ಪೋರ್ಟ್ಸ್ ಕಾರಿನ ರಸಿಕರು ಕೆರಳಿದರು. ‘ಕಾರ್ ಅಂಡ್ ಡ್ರೈವರ್’ ಪತ್ರಿಕೆ ೧೯೬೪ರ ಮಾರ್ಚಿ ಸಂಚಿಕೆಯಲ್ಲಿ ಎರಡನ್ನೂ ಮುಖಪುಟದ ಚಿತ್ರದಲ್ಲಿ ಎದುರುಬದುರು ನಿಲ್ಲಿಸಿ ಪಾಂಟಿಯಾಕನ್ನು ಹಾಡಿ ಹೊಗಳಿತು. ಪರೀಕ್ಷೆಗೆ ಫೆರಾರಿ ಬಂದೇ ಇರಲಿಲ್ಲ. ಅಷ್ಟೇ ಏಕೆ, ಪತ್ರಿಕೆಗೆ ಕೊಟ್ಟ ಪಾಂಟಿಯಾಕಿನಲ್ಲಿದ್ದುದು ೩೮೯ರ ಎಂಜಿನಲ್ಲ, ಅದಕ್ಕಿಂತ ದೊಡ್ಡದಾದ ೪೨೧ರದು. ಪಾಂಟಿಯಾಕಿನ ಜಾಹೀರಾತು ನೋಡಿಕೊಳ್ಳುತ್ತಿದ್ದ ಜಿಮ್ ವ್ಯಾಂಗರ್ಸ್ ದಶಕಗಳ ಬಳಿಕ ತಮ್ಮ ಪುಸ್ತಕದಲ್ಲಿ ಇದನ್ನು ತಾವೇ ಬರೆದರು. ಅಭಿಮಾನಿಗಳು ಉತ್ಸಾಹದಿಂದ ಹೇಳುವ ವೇಗದ ಲೆಕ್ಕಗಳನ್ನು ಕೇಳುವಾಗ ಇದು ನೆನಪಿನಲ್ಲಿರಬೇಕು.

ಆ ಕಾಲದ ರಸಿಕರ ಮುಖ್ಯ ಕ್ಷೇತ್ರ ಡೆಟ್ರಾಯಿಟಿನ ವುಡ್‌ವರ್ಡ್ ಅವೆನ್ಯೂ. ೧೯೦೯ರಲ್ಲೇ ಈ ರಸ್ತೆಯ ಒಂದು ಮೈಲಿಗೆ ಕಾಂಕ್ರೀಟು ಹಾಸಿದ್ದರು. ಆ ದೇಶದಲ್ಲಿ ಅಂಥ ಮೊದಲ ಮೈಲು ಅದೆಂಬ ಪ್ರಸಿದ್ಧಿಯಿದೆ. ಅಗಲವಾದ, ನೇರವಾದ ರಸ್ತೆ. ಪಕ್ಕದಲ್ಲಿ ಕಾರಿನಲ್ಲಿ ಕುಳಿತೇ ತಿನ್ನುವ ಹೋಟೆಲುಗಳು. ಸಂಜೆಯಾದರೆ ಹುಡುಗರು ಅಲ್ಲಿ ಸೇರಿ ಬಾನೆಟ್ಟು ಎತ್ತಿ ಒಬ್ಬರ ಎಂಜಿನನ್ನು ಇನ್ನೊಬ್ಬರು ನೋಡುವರು, ವಾದಿಸುವರು. ಕೆಂಪು ದೀಪ ಹಸಿರಾದೊಡನೆ ಎರಡು ಕಾರು ಸಿಡಿದೋಡುವುವು. ಕಾರ್ಖಾನೆಗಳ ಎಂಜಿನಿಯರುಗಳು ಇನ್ನೂ ಮಾರುಕಟ್ಟೆಗೆ ಬಾರದ ಗಾಡಿಗಳನ್ನು ಕತ್ತಲೆಯಲ್ಲಿ ತಂದು ಈ ಹುಡುಗರೊಡನೆ ಪರೀಕ್ಷಿಸುತ್ತಿದ್ದರು. ವಾಲಿ ಪಾರ್ಕ್ಸರ ಶಿಸ್ತು ಇಲ್ಲಿ ನಡೆಯಲಿಲ್ಲವೆಂಬುದನ್ನು ಮರೆಮಾಚಲಾಗದು.

ಮುಂದಿನ ಆರು ವರ್ಷ ಜಾತ್ರೆಯೋ ಜಾತ್ರೆ. ೧೯೬೪ರ ಏಪ್ರಿಲ್ ೧೭ರಂದು ಫೋರ್ಡಿನ ಮಸ್ಟಾಂಗ್ ಬಂದಿತು. ಒಂದೇ ದಿನ ೨೨,೦೦೦ ಮಂದಿ ಕೊಳ್ಳಲು ಮುಂದಾದರು. ೧೯೬೮ರಲ್ಲಿ ಪ್ಲಿಮತ್ ಸಂಸ್ಥೆ ಬಡ ತರುಣನನ್ನೇ ಕಣ್ಣಮುಂದಿಟ್ಟುಕೊಂಡು, ಜಮಖಾನೆ ಮೊದಲಾದ ಸೊಗಸುಗಳನ್ನೆಲ್ಲ ಕಳಚಿ, ೨,೯೦೦ ಡಾಲರಿಗೆ ಒಳಗೆ ‘ರೋಡ್ ರನ್ನರ್’ ಕಾರನ್ನು ಕೊಟ್ಟಿತು. ಚಲನಚಿತ್ರದ ವ್ಯಂಗ್ಯ ಹಕ್ಕಿಯೊಂದರ ಹೆಸರಿಗೂ ರೂಪಕ್ಕೂ ೫೦,೦೦೦ ಡಾಲರು ತೆತ್ತು, ಅದರ ಕೂಗನ್ನೇ ಹೋಲುವ ಹಾರ್ನನ್ನು ಜೋಡಿಸಿದ್ದರು! ೧೯೭೦ರ ಷೆವೆಲ್ ಕಾರಿನಲ್ಲಿ ೪೫೦ ಅಶ್ವಶಕ್ತಿಯ ಎಂಜಿನು ದೊರೆಯಿತು.

ಅಲ್ಲಿಗೆ ಏರು ಮುಗಿಯಿತು. ೧೯೬೬ರಲ್ಲಿ ಅಮೆರಿಕದ ರಸ್ತೆಗಳಲ್ಲಿ ಸತ್ತವರು ಐವತ್ತು ಸಾವಿರಕ್ಕೂ ಮಿಕ್ಕು; ಅದೇ ವರ್ಷ ವಾಹನ ಸುರಕ್ಷತೆಯ ಶಾಸನವಾಯಿತು. ಹತ್ತೊಂಬತ್ತರ ಹುಡುಗನ ಕೈಗೆ ಇಂಥ ಕಾರು ಕೊಟ್ಟರೆ ಏನಾಗುವುದೆಂದು ವಿಮಾ ಕಂಪೆನಿಗಳು ಲೆಕ್ಕ ಹಾಕಿ ಕಂತನ್ನು ವಿಪರೀತ ಏರಿಸಿದುವು. ೧೯೭೦ರ ಡಿಸೆಂಬರ್ ೩೧ರಂದು ವಾಯುಶುದ್ಧಿಯ ಶಾಸನಕ್ಕೆ ಅಧ್ಯಕ್ಷ ನಿಕ್ಸನ್ನರ ಸಹಿ ಬಿದ್ದಿತು. ಎಂಜಿನಿನ ಒಳಗೆ ಪೆಟ್ರೋಲಿನ ಆವಿಯನ್ನು ಬಿಗಿಯಾಗಿ ಒತ್ತಿದಷ್ಟೂ ಬಲ ಹೆಚ್ಚು. ಹಾಗೆ ಒತ್ತಿದಾಗ ಅದು ಅಕಾಲದಲ್ಲಿ ಸಿಡಿಯದಿರಲು ಪೆಟ್ರೋಲಿಗೆ ಸೀಸವನ್ನು ಬೆರೆಸುತ್ತಿದ್ದರು. ಸೀಸವಿಲ್ಲದ ಪೆಟ್ರೋಲಿಗೆ ಸಿದ್ಧವಾಗಲೆಂದು ೧೯೭೧ರಿಂದ ಆ ಒತ್ತಡವನ್ನು ಇಳಿಸಿದರು. ಜಟ್ಟಿಯ ಮೈ ಇಳಿಯಿತು. ೧೯೭೩ರ ಅಕ್ಟೋಬರಿನಲ್ಲಿ ಅರಬ್ ರಾಷ್ಟ್ರಗಳು ತೈಲವನ್ನು ತಡೆದುವು. ೧೯೭೪ರಲ್ಲಿ ಜಿ. ಟಿ. ಒ. ನಿಂತುಹೋಯಿತು. ರಸಿಕರು ಇಂದಿಗೂ ಈ ಶಾಸನಗಳನ್ನು ಬೈಯುವುದುಂಟು. ಆ ದೂರಿಗೆ ನಾವು ದನಿಗೂಡಿಸಲಾರೆವು. ಸೀಸದ ಹೊಗೆ ಎಳೆಯ ಮಕ್ಕಳ ಬುದ್ಧಿಯನ್ನೇ ಕುಂದಿಸುವ ವಿಷ. ಒಂದು ಎಂಜಿನಿನ ಗರ್ಜನೆಗಾಗಿ ಅದನ್ನು ಸಹಿಸೆನ್ನುವುದು ನ್ಯಾಯವಲ್ಲ.

ಆದರೂ ಇದ್ದ ಕಾರುಗಳು ಇದ್ದುವಲ್ಲ! ಪೆಟ್ರೋಲು ಕುಡಿಯುವ ಭೂತಗಳೆಂದು ಅವುಗಳನ್ನು ಅಗ್ಗಕ್ಕೆ ಮಾರಿದರು. ಎಷ್ಟೋ ಗುಜರಿಗೆ ಹೋದುವು, ಎಷ್ಟೋ ಹಿತ್ತಲಲ್ಲಿ ತುಕ್ಕು ಹಿಡಿದುವು. ಆಗ ಅವುಗಳನ್ನು ಹುಡುಕಿ ತಂದವರು ಮತ್ತೆ ಅದೇ ಕೊಟ್ಟಿಗೆಯ ಜನ. ೧೯೭೬ರಲ್ಲಿ ಮಸ್ಟಾಂಗ್ ಕ್ಲಬ್ ಆಫ್ ಅಮೆರಿಕ ಸ್ಥಾಪನೆಯಾಯಿತು. ಇತರ ಕಾರುಗಳಿಗೂ ಇಂಥ ಕೂಟಗಳಾದುವು. ಒಬ್ಬನಲ್ಲಿ ಬಾಗಿಲು, ಇನ್ನೊಬ್ಬನಲ್ಲಿ ಗೇರುಪೆಟ್ಟಿಗೆ. ಕೊಟ್ಟು ಕೊಂಡು ಕಾರು ನಿಲ್ಲಿಸಿದರು. ಇವರ ವಿದ್ವತ್ತು ನಮ್ಮ ಶಾಸನ ಸಂಶೋಧಕರದಕ್ಕೆ ಕಡಿಮೆಯದಲ್ಲ. ಕವಚದ ಮೇಲಿನ ತಗಡಿನ ಅಂಕೆಗಳನ್ನೂ ಎಂಜಿನಿನ ಮೇಲೆ ಒತ್ತಿದ ಅಂಕೆಗಳನ್ನೂ ಹೋಲಿಸಿ, ಈ ಎಂಜಿನು ಈ ಕಾರಿನದೇ ಹೌದೋ ಅಲ್ಲವೋ, ಬಣ್ಣ ಮೂಲದ್ದೋ ಆಮೇಲಿನದೋ ಎಂದು ನಿರ್ಣಯಿಸುತ್ತಾರೆ. ಕೂಟಶಾಸನಗಳಂತೆ ಇಲ್ಲಿಯೂ ಕೂಟತಗಡುಗಳುಂಟು, ಏಕೆಂದರೆ ಹಣ ನುಗ್ಗಿತು. ೧೯೭೧ರಲ್ಲಿ ಹನ್ನೊಂದೇ ತಯಾರಾದ, ಹೆಮಿ ಎಂಜಿನಿನ, ಮಡಿಚುವ ಮೇಲ್ಚಾವಣಿಯ ಪ್ಲಿಮತ್ ಕೂಡಾ ಕಾರುಗಳಲ್ಲಿ ಒಂದು ೨೦೧೪ರ ಹರಾಜಿನಲ್ಲಿ ೩೫ ಲಕ್ಷ ಡಾಲರಿಗೆ ಹೋಯಿತು. ಬಡ ತರುಣನಿಗೆಂದು ಹುಟ್ಟಿದ ವರ್ಗದ ಕಾರು ಇಂದು ಸಿರಿವಂತನ ಗಾಜಿನ ಕೋಣೆಯಲ್ಲಿ ಓಡದೆ ನಿಂತಿರುವುದು ನಮಗೆ ಕಸಿವಿಸಿಯನ್ನೇ ಉಂಟುಮಾಡುತ್ತದೆ. ಕೈಯಲ್ಲಿ ಕಾಸಿಲ್ಲದವರು ಸಾಮಾನ್ಯ ಟೆಂಪೆಸ್ಟಿಗೆ ದೊಡ್ಡ ಎಂಜಿನು ಕೂರಿಸಿ ಸಂತೋಷಪಡುತ್ತಾರೆ. ಅದನ್ನು ನಕಲಿಯೆಂದು ಮೂಗು ಮುರಿಯುವವರೂ ಕೂಟಗಳಲ್ಲಿದ್ದಾರೆ.

೧೯೯೫ರ ಆಗಸ್ಟಿನಲ್ಲಿ ಡೆಟ್ರಾಯಿಟಿನ ಪಕ್ಕದ ಫರ್ನ್‌ಡೇಲ್ ಊರಿನವರು ಮಕ್ಕಳ ಕಾಲ್ಚೆಂಡಾಟದ ಮೈದಾನಕ್ಕೆ ಹಣ ಕೂಡಿಸಲೆಂದು ವುಡ್‌ವರ್ಡ್ ರಸ್ತೆಯಲ್ಲಿ ಹಳೆಯ ಕಾರುಗಳ ಮೆರವಣಿಗೆಯನ್ನು ಏರ್ಪಡಿಸಿದರು. ಮೂವತ್ತು ನಲವತ್ತು ಸಾವಿರ ಜನ ಬಂದಾರೆಂದು ಎಣಿಸಿದ್ದರು. ಬಂದವರು ಎರಡೂವರೆ ಲಕ್ಷ. ಮಹಾಮಾರಿಯ ೨೦೨೦ನೆಯ ವರ್ಷವೊಂದನ್ನು ಬಿಟ್ಟು ಅದು ವರ್ಷಂಪ್ರತಿ ನಡೆದುಬಂದಿದೆ. ೨೦೨೩ರ ಡಿಸೆಂಬರಿನಲ್ಲಿ ಕಮಾರೊ, ಚಾಲೆಂಜರ್ ಎರಡರ ತಯಾರಿಕೆಯೂ ನಿಂತಿತು. ಮೆರವಣಿಗೆಯ ದಿನ ಮಾತ್ರ ರಸ್ತೆಯ ಎರಡೂ ಅಂಚುಗಳಲ್ಲಿ ಮುದುಕರು ಮಡಿಚುಕುರ್ಚಿಗಳನ್ನು ಹಾಕಿಕೊಂಡು ಕುಳಿತು, ದೂರದಿಂದ ಬರುವ ಎಂಜಿನಿನ ಸದ್ದನ್ನು ಕೇಳಿಯೇ, ಕಾರು ಕಾಣಿಸುವ ಮೊದಲು, ಅದರ ಹೆಸರನ್ನೂ ವರ್ಷವನ್ನೂ ಮೊಮ್ಮಕ್ಕಳಿಗೆ ಹೇಳುತ್ತಾರೆ.