ಟಿಸಿ ಕೊಡ್ತಿಲ್ಲ, ರಿಸಲ್ಟ್ ಬಂದಿಲ್ಲ: ಡಿಗ್ರಿ ವಿದ್ಯಾರ್ಥಿಗಳ ದೂರು ಕೇಳೋರು ಯಾರು?

ಟಿಸಿ ಕೊಡ್ತಿಲ್ಲ, ರಿಸಲ್ಟ್ ಬಂದಿಲ್ಲ, ಕಟ್ಟಿದ ಫೀಗೆ ರಸೀದಿ ಇಲ್ಲ. ಡಿಗ್ರಿ ಓದುವ ಮಕ್ಕಳು ಮನೆಗೆ ಬಂದು ಹಿಂಗ ಹೇಳಿದರೆ ಸಿಗುವ ಸಲಹೆ ಒಂದೇ: ಪ್ರಿನ್ಸಿಪಾಲರಿಗೆ ಕೈಮುಗಿದು ಕೇಳು. ಅಲ್ಲಿ ಆಗದಿದ್ದರೆ ಪರಿಚಯದ ಲೀಡರ್ ಹತ್ತಿರ ಹೋಗೋಣ. ಆದರೆ ಇಂಥ ದೂರಿಗೆಂದೇ ನಿಯಮದಲ್ಲಿ ಎರಡು ಬಾಗಿಲು ಇವೆ. ಒಂದು ಕಾಲೇಜಿನ ಒಳಗೇ ಇರುವ ವಿದ್ಯಾರ್ಥಿ ಕುಂದುಕೊರತೆ ಪರಿಹಾರ ಸಮಿತಿ. ಇನ್ನೊಂದು ವಿಶ್ವವಿದ್ಯಾಲಯದ ಒಂಬುಡ್ಸ್‌ಪರ್ಸನ್.

ಒಂಬುಡ್ಸ್‌ಮನ್ ಅನ್ನೋದು ಅಂಗಡಿಯವರಿಗೆ ಹೊಸ ಶಬ್ದ ಅಲ್ಲ. ಖಾತೆಯಿಂದ ದುಡ್ಡು ಕಟ್ ಆಗಿ, ದೂರು ಕೊಟ್ಟು 30 ದಿನವಾದರೂ ಬ್ಯಾಂಕ್ ಉತ್ತರ ಕೊಡದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಬರೆಯಬಹುದು. ಇದೂ ಅದೇ ಜಾತಿಯದು. ಶಬ್ದ ಸ್ವೀಡನ್ ದೇಶದ್ದು, ಅಲ್ಲಿ 1809ರಲ್ಲೇ ಈ ಹುದ್ದೆ ಬಂತು. ಕೆನಡಾದ ಸೈಮನ್ ಫ್ರೇಸರ್ ವಿಶ್ವವಿದ್ಯಾಲಯದಲ್ಲಿ 1965ರಲ್ಲಿ ವಿದ್ಯಾರ್ಥಿಗಳೇ ಇಂಥ ಕಚೇರಿ ಶುರು ಮಾಡಿದರು. ನಮ್ಮ ದೇಶದಲ್ಲಿ ಈಗಿನ ವ್ಯವಸ್ಥೆ ನಿಂತಿರುವುದು ಯುಜಿಸಿ 2023ರ ಏಪ್ರಿಲ್ 11ರಂದು ಹೊರಡಿಸಿದ ನಿಯಮಾವಳಿ ಮೇಲೆ. ಲೋಕಾಯುಕ್ತಕ್ಕೂ ಇದಕ್ಕೂ ಸಂಬಂಧ ಇಲ್ಲ, ಇಲ್ಲಿ ಟ್ರ್ಯಾಪ್ ಗೀಪ್ ನಡೆಯೋದಿಲ್ಲ.

ಮೊದಲು ಕಾಲೇಜಿನ ಸಮಿತಿ. ಅಧ್ಯಕ್ಷರು ಒಬ್ಬ ಪ್ರಾಧ್ಯಾಪಕರು, ಜೊತೆಗೆ ನಾಲ್ವರು ಪ್ರಾಧ್ಯಾಪಕರು ಅಥವಾ ಹಿರಿಯ ಅಧ್ಯಾಪಕರು. ಐವರಲ್ಲಿ ಕನಿಷ್ಠ ಒಬ್ಬರು ಮಹಿಳೆ ಇರಬೇಕು, ಕನಿಷ್ಠ ಒಬ್ಬರು ಎಸ್‌ಸಿ, ಎಸ್‌ಟಿ ಇಲ್ಲವೇ ಒಬಿಸಿ ವರ್ಗದವರಿರಬೇಕು. ಇವರ ಅವಧಿ 2 ವರ್ಷ. ಓದು, ಆಟ, ಇತರೆ ಚಟುವಟಿಕೆಯಲ್ಲಿ ಮುಂದಿರುವ ಒಬ್ಬ ವಿದ್ಯಾರ್ಥಿಯನ್ನು ವಿಶೇಷ ಆಹ್ವಾನಿತ ಅಂತ 1 ವರ್ಷಕ್ಕೆ ಕೂರಿಸುತ್ತಾರೆ. ಸಭೆ ನಡೆಯಲು ಅಧ್ಯಕ್ಷರೂ ಸೇರಿ ಮೂವರು ಇದ್ದರೆ ಸಾಕು. ಆ ಮೂವರ ಲೆಕ್ಕದಲ್ಲಿ ವಿದ್ಯಾರ್ಥಿ ಬರೋದಿಲ್ಲ.

ತೊಂದರೆ ಶುರುವಾಗೋದೇ ಇಲ್ಲಿ. ಸಣ್ಣ ಊರಿನ ಕಾಲೇಜಿನಲ್ಲಿ ಕಾಯಂ ಅಧ್ಯಾಪಕರೇ ಬೆರಳೆಣಿಕೆ, ಉಳಿದ ತರಗತಿ ಅತಿಥಿ ಉಪನ್ಯಾಸಕರ ಮೇಲೆ ನಡೆಯುತ್ತವೆ. ಹಾಗಾಗಿ ಅಡ್ಮಿಷನ್ ನೋಡಿದ ಸರ್, ಪಾಠ ಮಾಡುವ ಸರ್, ಇಂಟರ್ನಲ್ ಮಾರ್ಕ್ಸ್ ಹಾಕುವ ಸರ್, ದೂರು ಕೇಳುವ ಸರ್ ಎಲ್ಲರೂ ಒಬ್ಬರೇ ಆಗಿರಬಹುದು. 'ಅವರ ಮೇಲೆ ಅವರ ಹತ್ರಾನೇ ಹೆಂಗ ಕಂಪ್ಲೇಂಟ್ ಕೊಡೋದ್ರಿ?' ಅನ್ನುವ ಅಂಜಿಕೆ ಸುಳ್ಳಲ್ಲ. ಹೊರಗಿನವರೊಬ್ಬರು ಬೇಕು ಅನ್ನೋದು ಅದಕ್ಕೇ.

ಆ ಹೊರಗಿನವರೇ ಒಂಬುಡ್ಸ್‌ಪರ್ಸನ್. ನಿವೃತ್ತ ಕುಲಪತಿ, ಇಲ್ಲವೇ ಡೀನ್ ಅಥವಾ ವಿಭಾಗದ ಮುಖ್ಯಸ್ಥರಾಗಿ ಕೆಲಸ ಮಾಡಿ 10 ವರ್ಷ ಪ್ರೊಫೆಸರ್ ಆಗಿದ್ದ ನಿವೃತ್ತರು, ಇಲ್ಲವೇ ಮಾಜಿ ಜಿಲ್ಲಾ ನ್ಯಾಯಾಧೀಶರು ಮಾತ್ರ ಈ ಹುದ್ದೆಗೆ ಬರಬಹುದು. ನೇಮಕಕ್ಕೆ ಮುಂಚಿನ ಒಂದು ವರ್ಷವಾಗಲಿ, ಅಧಿಕಾರದಲ್ಲಿ ಇರುವಾಗಲಿ ಆ ವಿವಿ ಜೊತೆ ಹಿತಾಸಕ್ತಿಯ ನಂಟು ಇರಬಾರದು. ಅವಧಿ 3 ವರ್ಷ ಅಥವಾ 70 ವಯಸ್ಸು ತುಂಬುವವರೆಗೆ, ಯಾವುದು ಮೊದಲೋ ಅದು. ಇನ್ನೊಂದು ಅವಧಿಗೂ ಮುಂದುವರಿಸಬಹುದು. ಹುದ್ದೆ ಅರೆಕಾಲಿಕ. ತಿಂಗಳ ಸಂಬಳ ಇಲ್ಲ, ಕೂತ ಸಭೆಗೆ ಇಷ್ಟು ಅಂತ ಶುಲ್ಕ, ಓಡಾಟದ ಖರ್ಚು. ಅಂದರೆ ದಿನಾ ಹತ್ತೂವರೆಗೆ ಹೋಗಿ ಬಾಗಿಲು ತಟ್ಟಿದರೆ ಸಿಗುವವರಲ್ಲ, ಲಿಖಿತ ಅರ್ಜಿ ಮೊದಲು ಹೋಗಬೇಕು.

ಈ ಹುದ್ದೆ ತುಂಬಿಸೋದಕ್ಕೇ ದೇಶದ ವಿವಿಗಳು ತಡ ಮಾಡಿದವು. ನಿಯಮ ಬಂದು ವರ್ಷ ಕಳೆದ ಮೇಲೂ, 2024ರ ಜೂನ್‌ನಲ್ಲಿ ಯುಜಿಸಿ ನೇಮಕ ಮಾಡದ 157 ವಿವಿಗಳ ಹೆಸರು ಹೊರಹಾಕಿತು. ಅದರಲ್ಲಿ 108 ಸರ್ಕಾರಿ.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಯ ಬಿಎ, ಬಿಕಾಂ, ಬಿಎಸ್ಸಿ ವಿದ್ಯಾರ್ಥಿಗಳಿಗೆ ಸಂಬಂಧಪಡುವುದು 1980ರಲ್ಲಿ ಶುರುವಾದ ಗುಲಬರ್ಗಾ ವಿಶ್ವವಿದ್ಯಾಲಯ. ಕ್ಯಾಂಪಸ್ 'ಜ್ಞಾನಗಂಗಾ' ಇರುವುದು ಕಲಬುರಗಿಯ ಸೇಡಂ ರಸ್ತೆಯಲ್ಲೇ. ನಿಯಮದ ಪ್ರಕಾರ ವಿವಿಯ ಒಂಬುಡ್ಸ್‌ಪರ್ಸನ್ ಸಂಯೋಜಿತ ಕಾಲೇಜುಗಳ ಮಕ್ಕಳಿಗೂ ಅನ್ವಯ, ಕ್ಯಾಂಪಸ್‌ನವರಿಗೆ ಮಾತ್ರ ಅಲ್ಲ. ಬೇರೆ ಕೋರ್ಸ್‌ನವರು ತಮ್ಮ ಅಂಕಪಟ್ಟಿ ಮೇಲೆ ಯಾವ ವಿವಿ ಹೆಸರಿದೆ ನೋಡಿಕೊಳ್ಳಬೇಕು. ಕಡಗಂಚಿಯ ಕೇಂದ್ರೀಯ ವಿವಿ ಬೇರೆ. ಪಿಯು, ಐಟಿಐ ಇದರಲ್ಲಿ ಬರೋದಿಲ್ಲ.

ಯಾವ ದೂರು ನಡೆಯುತ್ತದೆ? ನಿಗದಿಗಿಂತ ಹೆಚ್ಚು ಹಣ ಕೇಳುವುದು, ಪ್ರವೇಶದಲ್ಲಿ ಮೆರಿಟ್ ಅಥವಾ ಮೀಸಲಾತಿ ತಪ್ಪಿಸುವುದು, ಪರೀಕ್ಷೆ-ಫಲಿತಾಂಶ ತಡ, ವಿದ್ಯಾರ್ಥಿವೇತನ ತಡ, ಜಾತಿ ಅಥವಾ ಲಿಂಗ ನೋಡಿ ತಾರತಮ್ಯ. ಮೂಲ ದಾಖಲೆ ಹಿಡಿದಿಟ್ಟುಕೊಳ್ಳುವುದೂ ಇದರಲ್ಲೇ ಬರುತ್ತದೆ. 'ಪೂರ್ತಿ ಫೀ ಕಟ್ಟು, ಆಮೇಲೆ ಮಾರ್ಕ್ಸ್ ಕಾರ್ಡ್ ಒಯ್ಯಿ' ಅನ್ನೋದು ಎಷ್ಟೋ ಕಡೆ ರೂಢಿಯಾದರೂ, ಮೂಲ ಪ್ರಮಾಣಪತ್ರ ಇಟ್ಟುಕೊಳ್ಳಬಾರದು ಅಂತ ಯುಜಿಸಿ 2018ರಲ್ಲೇ ಹೇಳಿದೆ. ಎಸ್‌ಎಸ್‌ಪಿ ಅರ್ಜಿ ಕಾಲೇಜಿನಲ್ಲಿ ದೃಢೀಕರಣ ಆಗದೆ ನಿಂತಿದ್ದರೆ ದೂರು ಕೊಡಬಹುದು. ಇಲಾಖೆಯಲ್ಲೇ ದುಡ್ಡು ನಿಂತಿದ್ದರೆ ಸಮಿತಿ ಹೆಚ್ಚೇನೂ ಮಾಡಲಾರದು. 'ಮಾರ್ಕ್ಸ್ ಕಮ್ಮಿ ಬಂದಾವ, ಮತ್ತೆ ನೋಡ್ರಿ' ಅಂದರೆ ಒಂಬುಡ್ಸ್‌ಪರ್ಸನ್ ತೆಗೆದುಕೊಳ್ಳೋದಿಲ್ಲ. ಫಲಿತಾಂಶ ಕೆಡಿಸಿದ ನಿರ್ದಿಷ್ಟ ಅಕ್ರಮ ಅಥವಾ ತಾರತಮ್ಯ ತೋರಿಸಬೇಕು. ರ‍್ಯಾಗಿಂಗ್‌ಗೆ ಬೇರೆ ದಾರಿ, ಸಹಾಯವಾಣಿ 1800-180-5522. ಲೈಂಗಿಕ ಕಿರುಕುಳಕ್ಕೆ ಕಾಲೇಜಿನ ಆಂತರಿಕ ಸಮಿತಿ.

ಇನ್ನು ದಿನಗಳ ಲೆಕ್ಕ, ಎಡವುವುದು ಇಲ್ಲೇ. ದೂರನ್ನು ಸಂಸ್ಥೆಯ ಪೋರ್ಟಲ್‌ನಲ್ಲಿ ಹಾಕಬೇಕು. ಅದನ್ನು ಸಂಸ್ಥೆ ತನ್ನ ಅಭಿಪ್ರಾಯದ ಜೊತೆ 15 ದಿನದೊಳಗೆ ಸಮಿತಿಗೆ ಕಳಿಸಬೇಕು. ಸಮಿತಿ ದೂರು ಕೈಸೇರಿದ 15 ಕೆಲಸದ ದಿನಗಳಲ್ಲಿ ವರದಿ ಕೊಡುವುದು ಅಪೇಕ್ಷಿತ, ಅದರ ಪ್ರತಿ ವಿದ್ಯಾರ್ಥಿಗೂ ಸಿಗಬೇಕು. ವಿಚಾರಣೆಗೆ ತಾನೇ ಹೋಗಬಹುದು, ತನ್ನ ಪರ ಒಬ್ಬರನ್ನು ಕಳಿಸಲೂಬಹುದು. ಹಗಲು ಅಂಗಡಿ ಕೌಂಟರ್‌ನಲ್ಲಿ ನಿಲ್ಲುವ ಹುಡುಗರಿಗೆ ಇದು ಉಪಯೋಗಕ್ಕೆ ಬರುವ ಮಾತು. ತೀರ್ಮಾನ ಸಮಾಧಾನ ತರದಿದ್ದರೆ ಅದು ಕೈಸೇರಿದ 15 ದಿನದೊಳಗೆ ಒಂಬುಡ್ಸ್‌ಪರ್ಸನ್‌ಗೆ ಮೇಲ್ಮನವಿ. ಅಲ್ಲಿ 30 ದಿನದಲ್ಲಿ ಮುಗಿಸಲು ಪ್ರಯತ್ನಿಸಬೇಕು. ಸುಳ್ಳು ದೂರು ಅಂತ ಕಂಡರೆ ದೂರು ಕೊಟ್ಟವರ ಮೇಲೂ ಕ್ರಮಕ್ಕೆ ಶಿಫಾರಸು ಮಾಡಬಹುದು.

ಸಮಿತಿಗೆ ಹೋಗದೆ ನೇರ ಮೇಲ್ಮನವಿ ನಡೆಯೋದಿಲ್ಲ. ಅದಕ್ಕೇ ಬಾಯಿಮಾತಿನ ದೂರು ಲೆಕ್ಕಕ್ಕಿಲ್ಲ. ಪೋರ್ಟಲ್ ಸಿಗದಿದ್ದರೆ ಅರ್ಜಿ ಎರಡು ಪ್ರತಿ ಬರೆದು, ಒಂದರ ಮೇಲೆ ಕಾಲೇಜಿನ ಸೀಲು, ತಾರೀಖು ಹಾಕಿಸಿಕೊಳ್ಳಬೇಕು. ತೆಗೆದುಕೊಳ್ಳಲ್ಲ ಅಂದರೆ ಪೋಸ್ಟ್ ಆಫೀಸಿನಿಂದ ಸ್ಪೀಡ್ ಪೋಸ್ಟ್ ಮಾಡಿ ಚೀಟಿ ಇಟ್ಟುಕೊಳ್ಳಬೇಕು. ಸಮಿತಿಯಲ್ಲಿ ಯಾರಿದ್ದಾರೆ, ಸಭೆ ಯಾವಾಗ ಆಯಿತು ಅಂತ ಸರ್ಕಾರಿ ಕಾಲೇಜಿನಲ್ಲಿ ಮಾಹಿತಿ ಹಕ್ಕಿನಡಿ 10 ರೂಪಾಯಿ ಕಟ್ಟಿ ಕೇಳಬಹುದು, ಬಿಪಿಎಲ್ ಕಾರ್ಡ್ ಇದ್ದವರಿಗೆ ಅದೂ ಇಲ್ಲ. ಒಂಬುಡ್ಸ್‌ಪರ್ಸನ್ ವಿವರವನ್ನು ವೆಬ್‌ಸೈಟ್ ಮತ್ತು ಪ್ರಾಸ್ಪೆಕ್ಟಸ್‌ನಲ್ಲಿ ಹಾಕುವುದು ಸಂಸ್ಥೆಯ ಜವಾಬ್ದಾರಿ. ಅಡ್ಮಿಷನ್ ದಿನವೇ ಆ ಪುಟದ ಫೋಟೋ ತೆಗೆದುಕೊಂಡರೆ ಆಮೇಲೆ ಹುಡುಕಾಡುವುದು ತಪ್ಪುತ್ತದೆ.