ಮುದಿ ಕುದುರೆಗೆ ಚಳಿಯೆಷ್ಟು?

ಇಂಗ್ಲೆಂಡಿನ ಮ್ಯಾಂಚೆಸ್ಟರ್ ಮ್ಯೂಸಿಯಮ್ಮಿನಲ್ಲಿ ಓಲ್ಡ್ ಬಿಲ್ಲಿ ಎಂಬ ಕುದುರೆಯ ತಲೆಬುರುಡೆ ಇದೆ. 1760ರಲ್ಲಿ ಹುಟ್ಟಿ, ಸರಕಿನ ದೋಣಿಗಳನ್ನು ದಡದಿಂದ ಎಳೆದು ದುಡಿದು, 1822ರಲ್ಲಿ ಸತ್ತಾಗ ಬಿಲ್ಲಿಗೆ 62 ವರ್ಷ. ಚೆನ್ನಾಗಿ ಸಾಕಿದ ಕುದುರೆ ಬದುಕುವುದು ಸುಮಾರು 25–30 ವರ್ಷ. ಬಿಲ್ಲಿಯ ಕಾಲದ ದುಡಿಯುವ ಕುದುರೆಗಳು ಅಷ್ಟೂ ಬಾಳುತ್ತಿರಲಿಲ್ಲ. ಸಾರೋಟಿನಿಂದ ಬಾಡಿಗೆ ಗಾಡಿಗೆ, ಅಲ್ಲಿಂದ ಕಲ್ಲಿದ್ದಲ ಬಂಡಿಗೆ ಇಳಿಯುತ್ತ ಹೋಗಿ, ಚರ್ಮಕ್ಕೂ ಅಂಟಿಗೂ ಕುದುರೆ ಕೊಲ್ಲುವವನ ಅಂಗಳ ಸೇರುತ್ತಿದ್ದವು. ಚಳಿಗಾಲದಲ್ಲಿ ಮುದಿ ಕುದುರೆಯನ್ನು ಹೇಗೆ ಕಾಪಾಡಬೇಕು ಎಂಬ ಪ್ರಶ್ನೆ ಏಳುವಷ್ಟು ಮುದಿ ಕುದುರೆಗಳೇ ಉಳಿಯುತ್ತಿರಲಿಲ್ಲ.

ಕುದುರೆಯ ವಯಸ್ಸಿನ ಬಗ್ಗೆ ಕುತೂಹಲ ಇತ್ತು, ಆದರೆ ಅದು ವ್ಯಾಪಾರಿಯ ಕುತೂಹಲ. 19ನೆಯ ಶತಮಾನದ ಕೊನೆಯಲ್ಲಿ ಸಿಡ್ನಿ ಗ್ಯಾಲ್ವೇನ್ ಎಂಬ ಕುದುರೆ ಪಳಗಿಸುವವನು ಮೇಲ್ದವಡೆಯ ಮೂಲೆಯ ಬಾಚಿಹಲ್ಲಿನ ಮೇಲಿರುವ ಒಂದು ಗೀರನ್ನು ಪ್ರಸಿದ್ಧಿಗೆ ತಂದ. ಸುಮಾರು 10ನೆಯ ವರ್ಷಕ್ಕೆ ವಸಡಿನ ಬಳಿ ಕಾಣಿಸಿಕೊಳ್ಳುವ ಗೀರು 15ಕ್ಕೆ ಅರ್ಧ ಇಳಿದು, 20ಕ್ಕೆ ಹಲ್ಲಿನುದ್ದಕ್ಕೂ ಹರಡಿ, 30ರ ಹೊತ್ತಿಗೆ ಮಾಯವಾಗುತ್ತದೆ ಎಂಬುದು ಅವನ ಲೆಕ್ಕ. ಈ ಲೆಕ್ಕ ಎಷ್ಟು ಸಡಿಲ ಎಂಬುದು ಆಮೇಲೆ ತಿಳಿಯಿತು. ಬಾಯಿ ಬಿಡಿಸಿ ನೋಡಿದವರೆಲ್ಲ ಬೆಲೆ ಕಟ್ಟಲು ನೋಡಿದರು. ಹಿಂದಿನ ದವಡೆಹಲ್ಲುಗಳು ಇನ್ನೂ ಹುಲ್ಲು ಅರೆಯುತ್ತವೆಯೇ ಎಂದು ನೋಡುವ ಅಗತ್ಯ ಕಂಡವರು ಕಡಿಮೆ.

ಕರುಣೆ ಬಂದದ್ದು ಸಾಹಿತ್ಯದ ದಾರಿಯಿಂದ. 1877ರಲ್ಲಿ ಆನಾ ಸ್ಯೂಯೆಲ್ ಬರೆದ ‘ಬ್ಲ್ಯಾಕ್ ಬ್ಯೂಟಿ’ ಕುದುರೆಯ ಬಾಯಲ್ಲೇ ಕುದುರೆಯ ಕಥೆ ಹೇಳಿಸಿತು. 1886ರಲ್ಲಿ ಆನ್ ಲಿಂಡೊ ಎಂಬಾಕೆ ದುಡಿದು ದಣಿದ ಕುದುರೆಗಳಿಗಾಗಿ ವಿಶ್ರಾಂತಿಧಾಮ ತೆರೆದರು. ಅದೇ ಇಂದಿನ ಹಾರ್ಸ್ ಟ್ರಸ್ಟ್.

ಹಿಮದ ವಿಷಯದಲ್ಲಿ ಮೊದಲು ಕೈಹಾಕಿದವರು ಕಮ್ಮಾರರು. ಹೆಪ್ಪುಗಟ್ಟಿದ ಕಲ್ಲುಹಾಸಿನ ಬೀದಿಯಲ್ಲಿ ಜಾರದಂತೆ ಲಾಳಕ್ಕೆ ಚೂಪುತಲೆಯ ಮೊಳೆ ಹೊಡೆಯುವುದು ಯುರೋಪಿನ ಊರುಗಳಲ್ಲಿ ಚಳಿಗಾಲದ ಬೆಳಗಿನ ಮಾಮೂಲಿ ಕೆಲಸವಾಗಿತ್ತು. ಆ ಮೊಳೆಯ ಜಾಗಕ್ಕೆ ಈಗ ಟಂಗ್‌ಸ್ಟನ್ ಕಾರ್ಬೈಡಿನ ಗಟ್ಟಿ ತುದಿಗಳು ಬಂದಿವೆ. ಲಾಳದೊಳಗೆ ಹಿಮ ತುಂಬಿ ಉಂಡೆಗಟ್ಟದಂತೆ ತಡೆಯುವ ರಬ್ಬರ್ ಪಟ್ಟಿಗಳೂ ಇವೆ. ಆದರೆ ದುಡಿಯದ ಮುದಿ ಕುದುರೆಗೆ ಅನೇಕರು ಚಳಿಗಾಲದಲ್ಲಿ ಲಾಳವನ್ನೇ ಬಿಚ್ಚಿಸುತ್ತಾರೆ. ಬರಿಗೊರಸಿಗೆ ಹಿಮ ಅಷ್ಟಾಗಿ ಕಚ್ಚಿಕೊಳ್ಳುವುದಿಲ್ಲ. ನೆಲವನ್ನು ವಿಪರೀತ ಕಚ್ಚುವ ಲಾಳ ಹಾಕಿದರೆ ಪಾದ ನಿಂತಲ್ಲೇ ನಿಂತು ಮೇಲಿನ ಕೀಲು ತಿರುಚಿಕೊಳ್ಳುವ ಭಯ. ಸಂಧಿವಾತ ಹಿಡಿದ ಕೀಲುಗಳಿಗೆ ಅದು ಜಾರುವಷ್ಟೇ ಕೆಟ್ಟದ್ದು. ನೀರಿನ ತೊಟ್ಟಿಗೆ ಹೋಗುವ ದಾರಿಯ ಮೇಲೆ ಮರಳೋ ಬೂದಿಯೋ ಚೆಲ್ಲುವ ಹಳೆಯ ಪದ್ಧತಿಯನ್ನು ಮೀರಿಸುವ ಉಪಾಯ ಇನ್ನೂ ಬಂದಿಲ್ಲ.

ಕಮ್ಮಾರರನ್ನು ಬಿಟ್ಟರೆ ಉಳಿದವರ ಚಿಂತನೆ ಬಹುಕಾಲ ಮನುಷ್ಯನ ಚಳಿಯ ಅಳತೆಯಲ್ಲೇ ನಡೆಯಿತು. ನಮಗೆ ಚಳಿಯಾದರೆ ಅದಕ್ಕೂ ಚಳಿ. ಬಾಗಿಲು ಮುಚ್ಚು, ಕಿಂಡಿಗೆ ಹುಲ್ಲು ತುರುಕು, ಕಂಬಳಿ ಹೊದಿಸು. ಎಡಿನ್‌ಬರೋದ ಜೇಮ್ಸ್ ಕ್ಲಾರ್ಕ್ 18ನೆಯ ಶತಮಾನದಲ್ಲೇ ಗಾಳಿಯಾಡದ ಲಾಯಗಳ ವಿರುದ್ಧ ಬರೆದಿದ್ದ. ಅವನ ಮಾತು ಎಷ್ಟು ಸರಿ ಎಂಬುದು ಪಶುವೈದ್ಯರಿಗೆ ಮನದಟ್ಟಾಗಲು ಬಹಳ ಕಾಲ ಹಿಡಿಯಿತು. ಮುಚ್ಚಿದ ಲಾಯದಲ್ಲಿ ಮೂತ್ರದ ಅಮೋನಿಯ, ಬೂಷ್ಟು ಹಿಡಿದ ಒಣಹುಲ್ಲಿನ ದೂಳು ಸೇರಿ ಕುದುರೆಯ ಶ್ವಾಸಕೋಶ ಕೆಡುತ್ತದೆ. ಇಂದು ಕುದುರೆಯ ಆಸ್ತಮಾ ಎಂದು ಕರೆಯುವ ಈ ಕಾಯಿಲೆ ವಯಸ್ಸಾದವುಗಳಲ್ಲೇ ಹೆಚ್ಚು.

ಹಾಗಾದರೆ ಕುದುರೆಗೆ ನಿಜಕ್ಕೂ ಚಳಿ ಶುರುವಾಗುವುದು ಎಲ್ಲಿ? ಇದನ್ನು ಅಳೆಯಲು ಹೊರಟವರಲ್ಲಿ ಕೆನಡಾದ ಹುಲ್ಲುಬಯಲಿನ ಸಂಶೋಧಕರು ಮುಖ್ಯರು. 1980–90ರ ದಶಕಗಳಲ್ಲಿ ಅವರು ಕಂಡುಕೊಂಡಂತೆ, ಚಳಿಗೆ ಒಗ್ಗಿ ದಟ್ಟ ರೋಮ ಬೆಳೆಸಿಕೊಂಡ ಕುದುರೆ ಮೈನಸ್ 15 ಡಿಗ್ರಿ ಸೆಲ್ಸಿಯಸ್‌ವರೆಗೂ ಮೈ ಬೆಚ್ಚಗಿಡಲು ಹೆಚ್ಚಿನ ಶಕ್ತಿ ಸುಡಬೇಕಿಲ್ಲ. ಲಾಯದಲ್ಲೇ ಇದ್ದು ಒಗ್ಗದ ಕುದುರೆಗೆ ಆ ಗಡಿ ಸುಮಾರು 5 ಡಿಗ್ರಿ. ಬೆನ್ನ ಮೇಲೆ ಬಿದ್ದ ಹಿಮ ಕರಗದೆ ಕೂತಿದ್ದರೆ ಅಯ್ಯೋ ಎನ್ನಬೇಕಿಲ್ಲ. ಒಳಗಿನ ಶಾಖ ಹೊರಗೆ ಸೋರುತ್ತಿಲ್ಲ ಎಂದೇ ಅರ್ಥ. ಮಳೆ ಬಿದ್ದು ರೋಮ ಮೈಗಂಟಿ, ಮೇಲೆ ಗಾಳಿ ಬೀಸಿದರೆ ಮಾತ್ರ ಲೆಕ್ಕ ಬುಡಮೇಲು. ಗಡಿಯಿಂದ ಕೆಳಗೆ ಇಳಿಯುವ ಪ್ರತಿ ಡಿಗ್ರಿಗೂ ಮೇವಿನ ಶಕ್ತಿಯನ್ನು ಸುಮಾರು ಶೇ. 2ರಿಂದ 2.5ರಷ್ಟು ಏರಿಸಬೇಕು. ಆ ಹೆಚ್ಚಳ ಧಾನ್ಯಕ್ಕಿಂತ ಒಣಹುಲ್ಲಿನಿಂದ ಬಂದರೆ ಒಳ್ಳೆಯದು. ಹಿಂಗರುಳಿನಲ್ಲಿ ನಾರು ಹುದುಗುವಾಗ ಹುಟ್ಟುವ ಶಾಖವೇ ಕುದುರೆಯ ಒಲೆ.

ಈ ಅಧ್ಯಯನಗಳಿಂದ ಹುಟ್ಟಿದ ಹೊಸ ವಿವೇಕ ಸರಳವಾಗಿತ್ತು: ಬಯಲಲ್ಲಿ ಬಿಡಿ, ಗಾಳಿಗೆ ಮೂರು ಗೋಡೆಯ ಆಸರೆ ಕೊಡಿ, ಹುಲ್ಲು ಧಾರಾಳವಾಗಿ ಹಾಕಿ, ಉಳಿದದ್ದನ್ನು ಕುದುರೆ ನೋಡಿಕೊಳ್ಳುತ್ತದೆ. ನನ್ನ ತಕರಾರು ಇಲ್ಲಿಂದ. ಈ ವಿವೇಕ ನಿಂತಿರುವುದು ಗಟ್ಟಿ ಹಲ್ಲು, ಒಳ್ಳೆಯ ರೋಮ, ಚುರುಕು ಕಾಲು, ಹಿಂಡಿನಲ್ಲೊಂದು ಸ್ಥಾನ, ಇವುಗಳ ಮೇಲೆ. ಮುಪ್ಪು ಕಸಿದುಕೊಳ್ಳುವುದು ಇವನ್ನೇ.

ಹಲ್ಲನ್ನೇ ನೋಡಿ. ಕುದುರೆಯ ದವಡೆಹಲ್ಲು ವರ್ಷಕ್ಕೆ 2–3 ಮಿಲಿಮೀಟರ್ ಸವೆಯುತ್ತದೆ. ಅಷ್ಟೇ ಒಳಗಿನಿಂದ ಮೇಲೆ ಬರುತ್ತದೆ. 25 ದಾಟುವ ಹೊತ್ತಿಗೆ ಒಳಗಿನ ದಾಸ್ತಾನು ಮುಗಿಯುತ್ತ ಬರುತ್ತದೆ. ಆಗ ಕುದುರೆ ಹುಲ್ಲನ್ನು ಜಗಿದು ಉಂಡೆ ಮಾಡಿ ಉಗುಳುತ್ತದೆ. ಮುಂದೆ ರಾಶಿ ಹುಲ್ಲಿದ್ದರೂ ಒಲೆ ಹೊತ್ತುವುದಿಲ್ಲ. ಅದಕ್ಕೆ ಹಳಬರು ಕೊಡುತ್ತಿದ್ದುದು ಬಿಸಿನೀರಲ್ಲಿ ಕಲಸಿದ ಗೋಧಿ ಬೂಸಾ. ಬೂಸಾದಲ್ಲಿ ರಂಜಕ ಹೆಚ್ಚು, ಸುಣ್ಣದಂಶ ಕಡಿಮೆ. ದಿನವೂ ಅದನ್ನೇ ತಿಂದ ಗಿರಣಿ ಕುದುರೆಗಳ ಮುಖದ ಮೂಳೆ ಊದುತ್ತಿತ್ತು. ವಾರಕ್ಕೊಮ್ಮೆ ಕೊಟ್ಟರೆ ಮೇವಿನ ದಿಢೀರ್ ಬದಲಾವಣೆ ಹೊಟ್ಟೆಗೆ ಒಗ್ಗುವುದಿಲ್ಲ. ಅದರಲ್ಲಿದ್ದ ನಿಜವಾದ ಪುಣ್ಯ ಬಿಸಿನೀರೇ ಇರಬೇಕು.

1980ರ ದಶಕದ ಕೊನೆಯಲ್ಲಿ ಅಮೆರಿಕದ ಸಾರಾ ರಾಲ್ಸ್‌ಟನ್ ಮುದಿ ಕುದುರೆಗಳು ನಾರು, ಪ್ರೋಟೀನುಗಳನ್ನು ಸರಿಯಾಗಿ ಜೀರ್ಣಿಸಿಕೊಳ್ಳುವುದಿಲ್ಲ ಎಂದು ತೋರಿಸಿದರು. ಮುಂದಿನ ದಶಕದಲ್ಲಿ ಮುದಿ ಕುದುರೆಗಳಿಗೆಂದೇ ಮೇವಿನ ಚೀಲಗಳು ಅಂಗಡಿಗೆ ಬಂದವು. ಆದರೆ ಜಂತುಹುಳದ ಒಳ್ಳೆಯ ಔಷಧಿ ಪಡೆದು ಬೆಳೆದ ಮುಂದಿನ ಪೀಳಿಗೆಯ ಮುದಿ ಕುದುರೆಗಳಲ್ಲಿ ಅದೇ ರಾಲ್ಸ್‌ಟನ್ನರಿಗೆ ಆ ವ್ಯತ್ಯಾಸ ಕಾಣಲಿಲ್ಲ. ಮುಪ್ಪಿನ ದೋಷವೆಂದುಕೊಂಡದ್ದರಲ್ಲಿ ಬಹುಪಾಲು ಎಳವೆಯ ಹುಳುಗಳು ಕರುಳಿಗೆ ಮಾಡಿದ ಗಾಯವೆಂದು ತೋರುತ್ತದೆ. ಆ ಚೀಲಗಳು ಈಗಲೂ ಉಪಯುಕ್ತವೇ, ಕಾರಣ ಬೇರೆ: ಹಲ್ಲಿಲ್ಲದವೂ ನೆನೆಸಿ ತಿನ್ನಬಹುದು. ನೆನೆಸಿದ ಹುಲ್ಲಿನ ಉಂಡೆ, ಬೀಟ್ ಸಿಪ್ಪೆಯೂ ಅದೇ ಕೆಲಸ ಮಾಡುತ್ತವೆ.

ನೀರಿನ ಮಾತು ಇನ್ನೂ ಸ್ವಾರಸ್ಯದ್ದು. ಚಳಿಗಾಲದಲ್ಲಿ ನೀರು ಕಡಿಮೆ ಕುಡಿದು, ಒಣಮೇವು ಕರುಳಲ್ಲಿ ಕಟ್ಟಿಕೊಂಡು ಹೊಟ್ಟೆಶೂಲೆ ಬರುವುದು ಮುದಿ ಕುದುರೆಗಳ ಸಾವಿಗೆ ಹಳೆಯ ದಾರಿ. 1994ರಲ್ಲಿ ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದ ಕ್ರಿಸ್ಟುಲಾ ಮತ್ತು ಮೆಕ್‌ಡಾನಲ್, ನೀರು ಬೆಚ್ಚಗಿದ್ದರೆ ಚಳಿಯಲ್ಲಿ ಪೋನಿಗಳು ಸುಮಾರು ಶೇ. 40ರಷ್ಟು ಹೆಚ್ಚು ಕುಡಿಯುತ್ತವೆ ಎಂದು ತೋರಿಸಿದರು. ಆದರೆ ಬೆಚ್ಚಗಿನದನ್ನೂ ತಣ್ಣನೆಯದನ್ನೂ ಒಟ್ಟಿಗೆ ಇಟ್ಟರೆ ಅವು ತಣ್ಣಗಿನದಕ್ಕೇ ಬಾಯಿ ಹಾಕುತ್ತವೆ, ಕುಡಿಯುವುದೂ ಕಡಿಮೆಯಾಗುತ್ತದೆ. ಆದ್ದರಿಂದ ಬೆಚ್ಚನೆಯ ನೀರು ಇಟ್ಟವರು ಪಕ್ಕದ ತಣ್ಣೀರಿನ ತೊಟ್ಟಿಯನ್ನು ಮುಚ್ಚಬೇಕು.

ರೋಮ ಮೋಸ ಮಾಡುವುದೂ ಮುಪ್ಪಿನಲ್ಲೇ. ಉದ್ದ ಗುಂಗುರು ಕೂದಲು ಬೆಳೆಸಿ, ಬೇಸಿಗೆಯಲ್ಲೂ ಉದುರಿಸದ ಮುದಿ ಕುದುರೆಯನ್ನು ಕಂಡು ‘ಚಳಿಗೆ ಚೆನ್ನಾಗಿ ತಯಾರಾಗಿದೆ’ ಎಂದು ಸಂತೋಷಪಟ್ಟವರು ಎಷ್ಟೋ. ಅದು ಪಿಟ್ಯುಟರಿ ಗ್ರಂಥಿಯ ಕಾಯಿಲೆ, ಕುಶಿಂಗ್ಸ್ ಎಂದು ಬಳಕೆಯ ಹೆಸರು. ಸ್ನಾಯು ಕರಗುತ್ತದೆ, ಸೋಂಕು ಬೇಗ ತಗಲುತ್ತದೆ, ಗೊರಸಿನೊಳಗೆ ಉರಿಯೂತ ಏಳುತ್ತದೆ. 2013ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನವೊಂದರಲ್ಲಿ 15 ದಾಟಿದ ಕುದುರೆಗಳಲ್ಲಿ ಐದಕ್ಕೊಂದರಲ್ಲಿ ಇದು ಕಂಡಿತು. ಮನುಷ್ಯರ ಪಾರ್ಕಿನ್ಸನ್ ಕಾಯಿಲೆಗೆ ಕೊಡುತ್ತಿದ್ದ ಪರ್ಗೊಲೈಡ್ ಎಂಬ ಔಷಧಿಯನ್ನು ಹೃದಯದ ಕವಾಟಕ್ಕೆ ಹಾನಿಯೆಂದು 2007ರಲ್ಲಿ ಅಮೆರಿಕದ ಮಾರುಕಟ್ಟೆಯಿಂದ ತೆಗೆದರು. 2011ರಲ್ಲಿ ಅದೇ ಔಷಧಿಗೆ ಕುದುರೆಗಳ ಈ ಕಾಯಿಲೆಗಾಗಿ ಅಲ್ಲಿ ಅನುಮತಿ ಸಿಕ್ಕಿತು. ಈ ಕಾಯಿಲೆ ಪತ್ತೆಗೆ ರಕ್ತದಲ್ಲಿ ಅಳೆಯುವ ಪಿಟ್ಯುಟರಿಯ ಹಾರ್ಮೋನು ಎಲ್ಲ ಕುದುರೆಗಳಲ್ಲೂ ಶರತ್ಕಾಲದಲ್ಲಿ ಏರುವುದರಿಂದ ಆಗ ಪರೀಕ್ಷೆ ಮಾಡಬಾರದು ಎನ್ನುತ್ತಿದ್ದರು. ಋತುವಿಗೆ ತಕ್ಕ ಅಳತೆ ಬಂದ ಮೇಲೆ ಶರತ್ಕಾಲವೇ ಪ್ರಶಸ್ತವೆನಿಸಿದೆ. ದಟ್ಟ ರೋಮ ಪಕ್ಕೆಲುಬನ್ನೂ ಮುಚ್ಚಿಡುತ್ತದೆ. ಟೆಕ್ಸಸ್‌ನ ಡಾನ್ ಹೆನೆಕೆ 1983ರಲ್ಲಿ ಕೊಟ್ಟ 1ರಿಂದ 9ರ ಮೈಕಟ್ಟಿನ ಅಂಕವನ್ನು ಚಳಿಗಾಲದಲ್ಲಿ ಕಣ್ಣಿನಿಂದ ಹಾಕಿದರೆ ಸುಳ್ಳು. ಕೈಯಿಂದ ಮುಟ್ಟಿ ಹಾಕಬೇಕು.

ಕಂಬಳಿ ಬೇಕೋ ಬೇಡವೋ ಎಂಬ ಜಗಳವನ್ನು ನಾರ್ವೆಯವರು ಸೊಗಸಾಗಿ ಬಗೆಹರಿಸಿದರು: ಕುದುರೆಯನ್ನೇ ಕೇಳಿದರು. 2016ರಲ್ಲಿ ಪ್ರಕಟವಾದ ಸಿಸಿಲಿ ಮೇಡೆಲ್ ಮತ್ತು ಸಂಗಡಿಗರ ಪ್ರಯೋಗದಲ್ಲಿ 23 ಕುದುರೆಗಳು ಮೂರು ಫಲಕಗಳ ಭಾಷೆ ಕಲಿತವು. ಅಡ್ಡಗೆರೆಗೆ ಮೂತಿ ತಾಗಿಸಿದರೆ ‘ಹೊದಿಸು’, ಉದ್ದಗೆರೆಗೆ ‘ತೆಗೆ’, ಖಾಲಿ ಫಲಕಕ್ಕೆ ‘ಹೀಗೇ ಇರಲಿ’. ಎರಡು ವಾರದೊಳಗೆ ಎಲ್ಲವೂ ಕಲಿತವು. ಬಿಸಿಲಿದ್ದಾಗ ತೆಗೆಸಿಕೊಂಡವು, ಮಳೆ, ಗಾಳಿ, ಕೊರೆಯುವ ಚಳಿಯಲ್ಲಿ ಹೊದಿಸಿಕೊಂಡವು. ಈ ಕ್ಷೇತ್ರದಲ್ಲಿ ನಾನು ಓದಿದ ಪ್ರಯೋಗಗಳಲ್ಲೆಲ್ಲ ಮನಸ್ಸಿಗೆ ಹಿಡಿಸಿದ್ದು ಇದೇ.

ಇಷ್ಟೆಲ್ಲ ತಿಳಿದ ಮೇಲೂ ತಿಳಿವಳಿಕೆ ಲಾಯದ ಬಾಗಿಲಲ್ಲೇ ನಿಂತಿದೆ. ಕುದುರೆಯ ವೃದ್ಧಾಪ್ಯ ವೈದ್ಯಕ್ಕೆ 2006ರಷ್ಟು ಹಿಂದೆಯೇ ಜೋಸೆಫ್ ಬರ್ಟೋನ್ ಸಂಪಾದಿಸಿದ ಸ್ವತಂತ್ರ ಗ್ರಂಥ ಬಂತು. ಬಳಿಕ ಲಿವರ್‌ಪೂಲ್ ವಿಶ್ವವಿದ್ಯಾಲಯದ ಜೋನ್ ಐರ್ಲೆಂಡ್ ಮತ್ತು ಸಂಗಡಿಗರು ಬ್ರಿಟನ್ನಿನ 15 ದಾಟಿದ ಕುದುರೆಗಳ ಬಗ್ಗೆ ಮಾಲೀಕರನ್ನು ಕೇಳಿ, ಆಮೇಲೆ ಪಶುವೈದ್ಯರಿಂದಲೂ ಪರೀಕ್ಷೆ ಮಾಡಿಸಿದರು. ಬಹುತೇಕ ಎಲ್ಲ ಕುದುರೆಗಳ ಬಾಯಲ್ಲೂ ತೊಂದರೆ ಇತ್ತು. ಅದು ತಿಳಿದಿದ್ದ ಮಾಲೀಕರು ಸುಮಾರು ಕಾಲುಭಾಗ ಮಾತ್ರ. ಕೆನಡಾದಲ್ಲೋ ನಾರ್ವೆಯಲ್ಲೋ ಮುದಿ ಕುದುರೆ ಸಾಕಿರುವ ಕನ್ನಡಿಗರು ಯಾರಾದರೂ ಇದನ್ನು ಓದುತ್ತಿದ್ದರೆ, ಕಂಬಳಿ ಕೊಳ್ಳುವ ಮುಂಚೆ, ಮೊದಲ ಹಿಮ ಬೀಳುವ ಮುಂಚೆ, ಅದರ ಬಾಯನ್ನು ವೈದ್ಯರಿಗೆ ತೋರಿಸಿ.